ಮುನ್ನೂರ ಒಂದನೆಯ ಕನ್ನಡಕ

ಎಂಟು ತಿಂಗಳ ಮೇಲೆ ಆ ಮನುಷ್ಯ ಕನ್ನಡಕದಂಗಡಿಯ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ, ಅಂಗಡಿ ನೋಡಿಕೊಳ್ಳುವ ಅವಳ ಕೈಯಲ್ಲಿ ಒಂದು ಪುಟ್ಟ ಸ್ಕ್ರೂಡ್ರೈವರ್ ಇತ್ತು. ಅದು ಪುಟ್ಟದಾಗಿದ್ದದ್ದು ಅವನ ಪುಣ್ಯ.

"ಗ್ರಹಣದ ಕನ್ನಡಕ ಬೇಕಿತ್ತು. ಮುನ್ನೂರು. ಸ್ಕೂಲ್ ಮಕ್ಕಳಿಗೆ," ಅಂದ ವಿಜ್ಞಾನದ ಮೇಷ್ಟ್ರು.

ಹೇಳುವಾಗ ಅವನ ಕಣ್ಣು ಅವಳ ಕಿವಿಯ ಪಕ್ಕದ ಫ್ರೇಮುಗಳ ಮೇಲಿತ್ತು. ಅವಳ ಮೇಲಲ್ಲ. ಯಾವತ್ತು ಅವಳ ಮೇಲಿತ್ತು ಹೇಳಿ! ಮೇಷ್ಟ್ರು ಅನ್ನುವ ಬಹುವಚನವೆಲ್ಲ ಊರಿನವರದು. ಅವಳು ಅವನನ್ನು ಮನಸ್ಸಿನಲ್ಲಿ ಏಕವಚನಕ್ಕೆ ಇಳಿಸಿ ಎಂಟು ತಿಂಗಳಾಗಿತ್ತು.

ಅದಕ್ಕೂ ಮುಂಚೆ ಅವನು ವಾರಕ್ಕೊಂದು ಸಲ ಬರುತ್ತಿದ್ದ. ಸ್ಕೂಲಿನ ಮೈಕ್ರೋಸ್ಕೋಪಿನ ಲೆನ್ಸ್ ಒರೆಸಿಕೊಡಿ ಅನ್ನುವುದು ನೆಪ. ಅಷ್ಟು ಸಲ ಒರೆಸಿಕೊಂಡ ಆ ಲೆನ್ಸ್ ಸವೆದೇ ಹೋಗಬೇಕಿತ್ತು. ಒಂದು ಸಂಜೆ ಅವಳೇ ಧೈರ್ಯ ಮಾಡಿ, "ನಾನಂದ್ರೆ ನಿಮಗೆ ಇಷ್ಟನಾ?" ಎಂದು ಕೇಳಿಬಿಟ್ಟಳು. ಅವನ ಮುಖ ಕಿವಿಯವರೆಗೂ ಕೆಂಪಾಯಿತು. "ತುಂಬಾ ಇಷ್ಟ," ಅಂದ.

ಅಂದದ್ದು ಸರಿ. ಆದರೆ ಕಣ್ಣು ನೆಟ್ಟದ್ದು ಅವಳ ಭುಜದ ಪಕ್ಕ ನಿಂತು ಡಬ್ಬಿ ಜೋಡಿಸುತ್ತಿದ್ದ ತಂಗಿಯ ಮೇಲೆ.

"ಅಯ್ಯೋ, ಮಧ್ಯೆ ನನ್ನನ್ಯಾಕೆ ಎಳೀತೀರಿ ಸಾರ್?" ಅಂದಳು ತಂಗಿ. ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ಗೊಳ್ಳೆಂದು ನಕ್ಕರು. ಅಕ್ಕ ಲೆನ್ಸಿನ ಡಬ್ಬಿ ಎತ್ತಿ ಬಾಗಿಲ ಕಡೆಗೆ ಬಿಸಾಡಿ, "ಇನ್ನು ಈ ಕಡೆ ತಲೆ ಹಾಕಬೇಡಿ!" ಎಂದು ಕಿರುಚಿದ್ದಳು. ಆ ನಗು ಈಗಲೂ ಅವಳ ಕಿವಿಯಲ್ಲಿತ್ತು. ಎಂದಾದರೂ ಒಂದು ದಿನ ಹತ್ತು ಜನರೆದುರು ಇವನಿಗೂ ಹೀಗೇ ಆಗಲಿ ಎಂದು ಅವಳು ದಿನಾ ಹಾರೈಸುತ್ತಿದ್ದಳು. ಈಗ ಇಲಿ ತಾನಾಗಿಯೇ ಬೋನಿನ ಬಾಗಿಲಿಗೆ ಬಂದಿತ್ತು.

"ಮಾಡಿಕೊಡ್ತೀನಿ. ಮುನ್ನೂರಲ್ಲ, ಮುನ್ನೂರ ಒಂದು. ನಿಮಗೂ ಬೇಕಲ್ಲ?"

ಆದರೆ ಸೇಡು ಒಬ್ಬರ ಸೊತ್ತೇ? ಮೊದಲ ಐವತ್ತು ಕನ್ನಡಕ ಕಳಿಸಿದಳು, ವಾಪಸ್ ಬಂದವು. ರಟ್ಟಿನ ಅಂಚು ಒರಟಂತೆ. ಉಜ್ಜಿ ಕಳಿಸಿದಳು. ಮತ್ತೆ ವಾಪಸ್. ಮಡಿಕೆ ಸೊಟ್ಟಗಿದೆಯಂತೆ. ಮೂರನೆಯ ಸಲ ಅವನೇ ಡಬ್ಬ ಹೊತ್ತುಕೊಂಡು ಬಂದು, ಒಂದೊಂದನ್ನೂ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಬೆರಳಿನಿಂದ ಸವರಿ ಸವರಿ ನೋಡತೊಡಗಿದ.

"ಬೇಕೂಂತಲೇ ಮಾಡ್ತಿದೀರಾ?"

"ಹೌದು," ಅಂದ, ತಣ್ಣಗೆ. "ಕೇಳಿದ್ದೂ ನೀವೇ, ಓಡಿಸಿದ್ದೂ ನೀವೇ. ಇಷ್ಟಾದ್ರೂ ಕಾಟ ಕೊಡದಿದ್ರೆ ಹೇಗೆ?"

"ಯಾರನ್ನ ನೋಡ್ಕೊಂಡು ಉತ್ತರ ಕೊಟ್ರಿ ಅಂತ ನೆನಪಿದೆಯಾ? ನನ್ನ ತಂಗಿಯನ್ನ!"

ಅವನ ಮುಖದ ಬಣ್ಣ ಇಳಿದುಹೋಯಿತು. ಡಬ್ಬ ಅಲ್ಲೇ ಬಿಟ್ಟು ಹೊರಟುಹೋದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಅವಳಿಗೆ ಇನ್ನು ಅನುಮಾನವೇ ಉಳಿಯಲಿಲ್ಲ. ಆವತ್ತೇ ಮಧ್ಯಾಹ್ನ ಕೂತು ಮುನ್ನೂರ ಒಂದನೆಯ ಕನ್ನಡಕ ಮಾಡಿದಳು. ಹೊರಗಿನಿಂದ ನೋಡಿದರೆ ಉಳಿದವುಗಳ ಹಾಗೇ. ಒಳಗೆ ಮಾತ್ರ ಎರಡು ಫಿಲ್ಮುಗಳ ನಡುವೆ ದಪ್ಪ ಕಪ್ಪು ಕಾಗದ. ಕಣ್ಣಿಗೆ ಯಾವ ಅಪಾಯವೂ ಇಲ್ಲ, ಕಾಣುವುದೂ ಏನೂ ಇಲ್ಲ. ಮೇಲೆ ಮುದ್ದಾದ ಅಕ್ಷರದಲ್ಲಿ 'ಮೇಷ್ಟ್ರಿಗೆ' ಎಂದು ಬರೆದಳು. ಈ ಊರಿಗೆ ಇಂಥ ಸೂರ್ಯಗ್ರಹಣ ಮತ್ತೆ ಬರುವುದು ಇಪ್ಪತ್ತಮೂರು ವರ್ಷದ ಮೇಲೆ ಎಂದು ಅವನೇ ಸ್ಕೂಲಿನ ಬೋರ್ಡಿನಲ್ಲಿ ಬರೆದಿದ್ದ. ಬರಲಿ, ಇಪ್ಪತ್ತಮೂರು ವರ್ಷ ಕಾಯಲಿ.

"ಅಕ್ಕಾ, ಪಾಪ ಕಣೇ," ಅಂದಳು ತಂಗಿ.

"ಪಾಪ ಅನ್ನಿಸಿದ್ರೆ ನೀನೇ ಹೋಗಿ ಅವರ ಪಕ್ಕ ನಿಂತ್ಕೋ. ಹೇಗಿದ್ರೂ ನೋಡೋದು ನಿನ್ನನ್ನೇ."

ಗ್ರಹಣದ ಬೆಳಿಗ್ಗೆ ಸ್ಕೂಲಿನ ಮೈದಾನದಲ್ಲಿ ಮುನ್ನೂರು ಮಕ್ಕಳು ಕತ್ತೆತ್ತಿ ನಿಂತಿದ್ದರು. ಅವಳ ಕೈಯಲ್ಲೂ ತನ್ನದೊಂದು ಕನ್ನಡಕವಿತ್ತು. ಆದರೆ ಸೂರ್ಯನನ್ನು ಯಾರು ನೋಡುತ್ತಾರೆ? ಅವಳು ನೋಡಲು ಬಂದದ್ದು ಮೇಷ್ಟ್ರ ಮುಖವನ್ನು.

"ಸಾರ್, ಕಚ್ಚಿತು! ಬಿಸ್ಕತ್ ಕಚ್ಚಿದ ಹಾಗಿದೆ ಸಾರ್!"

ಮೇಷ್ಟ್ರು ಕನ್ನಡಕ ಹಾಕಿಕೊಂಡು ಮುಖವೆತ್ತಿದ. ಸ್ವಲ್ಪ ಎಡಕ್ಕೆ ತಿರುಗಿಸಿದ. ಸ್ವಲ್ಪ ಬಲಕ್ಕೆ. ಮೇಲೆ, ಕೆಳಗೆ. ಈಗ ಕೂಗಾಡುತ್ತಾನೆ, ಈಗ ಕಿತ್ತೆಸೆದು ನನ್ನ ಮೇಲೆ ಜಗಳಕ್ಕೆ ಬರುತ್ತಾನೆ ಎಂದು ಅವಳು ಸೊಂಟಕ್ಕೆ ಕೈಯಿಟ್ಟು ಸಿದ್ಧವಾದಳು. ಜಗಳಕ್ಕೆ ಬೇಕಾದ ಮಾತುಗಳನ್ನೆಲ್ಲ ರಾತ್ರಿಯೇ ಜೋಡಿಸಿಟ್ಟುಕೊಂಡಿದ್ದಳು.

ಅವನು ಕೂಗಾಡಲಿಲ್ಲ. ತಲೆ ತಗ್ಗಿಸಿ ಕನ್ನಡಕದ ಅಡಿಯಿಂದ ಕೈಗಡಿಯಾರವನ್ನು ಓರೆಯಾಗಿ ನೋಡಿಕೊಂಡು, "ಈಗ ಕಾಲು ಭಾಗ ಮುಚ್ಚಿರುತ್ತೆ, ನೋಡಿ ಮಕ್ಕಳೇ," ಅಂದ.

"ಸಾರ್, ನಿಮಗೆ ಹೇಗೆ ಕಾಣ್ತಿದೆ?" ಎಂದು ಒಂದು ಹುಡುಗಿ ಕೇಳಿತು.

"ಚೆನ್ನಾಗಿ ಕಾಣ್ತಿದೆ ಪುಟ್ಟಿ. ತುಂಬಾ ಚೆನ್ನಾಗಿದೆ."

ಅವಳ ಹೊಟ್ಟೆ ತಣ್ಣಗಾಗಬೇಕಿತ್ತು. ಆಗಲಿಲ್ಲ. ಸುಳ್ಳು ಹೇಳಿದ ಆ ದನಿ ಅವಳ ಎದೆಗೆ ಚುಚ್ಚಿತು. ಅಷ್ಟರಲ್ಲಿ ಅವನು ಮಕ್ಕಳನ್ನು ಬೇರೆ ಟೀಚರಿಗೆ ಒಪ್ಪಿಸಿ ಕಟ್ಟಡದ ಹಿಂದೆ ನಡೆದ. ಅವಳು ಹಿಂದೆಯೇ ಹೋದಳು. ಅಲ್ಲಿ ಅವನೊಬ್ಬನೇ ಗೋಡೆಗೊರಗಿ ನಿಂತು, ಮುಖವನ್ನು ಆಕಾಶಕ್ಕೆ ಎತ್ತಿ, ಕನ್ನಡಕಕ್ಕೆ ಕೈ ಹಾಕಿದ್ದ.

"ಹೋಗಿರೋ ಕಣ್ಣು ತಾನೇ," ಎಂದು ತನಗೆ ತಾನೇ ಅಂದುಕೊಳ್ಳುತ್ತ ಅದನ್ನು ಮೇಲೆತ್ತತೊಡಗಿದ.

ಹೇಗೆ ಓಡಿದಳೋ ಅವಳಿಗೇ ತಿಳಿಯದು. ಚಪ್ಪಲಿಯೊಂದು ದಾರಿಯಲ್ಲೇ ಉಳಿಯಿತು. ಎರಡೂ ಅಂಗೈಗಳಿಂದ ಅವನ ಕಣ್ಣುಗಳನ್ನು ಒತ್ತಿ ಮುಚ್ಚಿದಳು.

"ಬುದ್ಧಿ ಇದೆಯಾ ನಿಮಗೆ? ಮಕ್ಕಳಿಗೆ ಹೇಳೋದೇನು, ನೀವು ಮಾಡೋದೇನು?"

ಅವನು ಅವಳ ಕೈ ಸರಿಸಲಿಲ್ಲ. "ಸೂರ್ಯ ಕಾಣ್ಲಿಲ್ಲ. ಎಲ್ಲಿ ತಿರುಗಿದ್ರೂ ಕತ್ತಲೆ. ಚುಕ್ಕೆ ದೊಡ್ಡದಾಗಿರಬೇಕು."

"ಯಾವ ಚುಕ್ಕೆ?"

"ಹನ್ನೆರಡನೇ ವಯಸ್ಸಲ್ಲಿ ಮಸಿ ಹಚ್ಚಿದ ಗಾಜು ಹಿಡ್ಕೊಂಡು ಪೂರ್ತಿ ಗ್ರಹಣ ನೋಡಿದ್ದೆ. ಗೆಳೆಯನ ಜೊತೆ ಪಂದ್ಯ. ಎರಡೂ ಕಣ್ಣಿನ ನಟ್ಟನಡುವೆ ಸುಟ್ಟುಹೋಗಿದೆ. ಏನನ್ನ ನೇರವಾಗಿ ನೋಡ್ತೀನೋ ಅದೇ ಮಾಯ. ಪಕ್ಕಕ್ಕೆ ನೋಡಿದ್ರೆ ಕಾಣುತ್ತೆ."

ಪಕ್ಕಕ್ಕೆ. ಅವಳಿಗೆ ಕಿವಿಯ ಪಕ್ಕದ ಫ್ರೇಮುಗಳು ನೆನಪಾದವು. ಭುಜದ ಪಕ್ಕದ ತಂಗಿ ನೆನಪಾದಳು. ಕೈಗಳು ತಾವಾಗಿಯೇ ಸಡಿಲವಾದವು.

"ಅಂದ್ರೆ ಆವತ್ತು..."

"ನಿಮ್ಮ ಮುಖ ಕಾಣಬೇಕಾದ್ರೆ ನಾನು ನಿಮ್ಮ ಪಕ್ಕ ನೋಡಬೇಕು. ಆವತ್ತು ನಿಮ್ಮ ತಂಗಿ ಸುಮ್ನೆ ತಮಾಷೆ ಮಾಡಿದ್ರು ಅಂದ್ಕೊಂಡಿದ್ದೆ. ನನ್ನ ಕಣ್ಣು ಅವರ ಮೇಲೇ ಇತ್ತು ಅಂತ ಗೊತ್ತಾಗಿದ್ದೇ ಮೊನ್ನೆ, ನೀವು ಬೈದಾಗ."

"ಮೊನ್ನೆಯಾದ್ರೂ ಬಾಯಿ ಬಿಡಬಹುದಿತ್ತಲ್ಲ!"

"ಸೂರ್ಯನನ್ನ ಬರಿಗಣ್ಣಲ್ಲಿ ನೋಡಬೇಡಿ ಅಂತ ಪಾಠ ಮಾಡೋ ಮೇಷ್ಟ್ರೇ ಕಣ್ಣು ಸುಟ್ಕೊಂಡ ಪೆದ್ದ ಅಂತ ಹೇಗೆ ಹೇಳ್ಲಿ? ಅದೂ ಕನ್ನಡಕದಂಗಡಿಯವರಿಗೆ?"

ಅವಳು ಅವನ ಕೈಯಿಂದ ಕನ್ನಡಕ ಕಿತ್ತುಕೊಂಡು ಅವನೆದುರೇ ಹರಿದಳು. ಕಪ್ಪು ಕಾಗದ ಹೊರಗೆ ಇಣುಕಿತು.

"ನಿಮ್ಮ ಕಣ್ಣಿಗೆ ಹೊಸದಾಗಿ ಏನೂ ಆಗಿಲ್ಲ. ಇದು ನನ್ನ ಕೆಲಸ. ನಿಮಗೆ ಕಾಣಬಾರದು ಅಂತಲೇ ಮಾಡಿದೆ. ಎಲ್ಲರೆದುರು ಪೇಚಾಡಲಿ ಅಂತ ಮಾಡಿದೆ. ಬೈರಿ, ಹೊಡೀರಿ, ಏನು ಬೇಕಾದ್ರೂ ಮಾಡಿ."

ಅವನು ಆ ಕಾಗದದ ತುಂಡನ್ನು ಬೆರಳಿನಿಂದ ಸವರಿದ. ಬಹಳ ಹೊತ್ತು ಸವರಿದ.

"ಕನ್ನಡಕದ ಮೇಲೆ ಅನುಮಾನವೇ ಬರ್ಲಿಲ್ಲ," ಅಂದ. "ಮೂರು ಸಲ ವಾಪಸ್ ಮಾಡಿ ಒಂದೊಂದೂ ನೋಡಿದ್ದೀನಿ. ಕಾಟ ಕೊಡಬೇಕು ಅಂತ ಹುಡುಕಿದ್ರೂ ನಿಮ್ಮ ಕೆಲಸದಲ್ಲಿ ಒಂದು ತಪ್ಪು ಸಿಗ್ಲಿಲ್ಲ, ಎಲ್ಲ ನಾನೇ ಕಟ್ಟಿ ಹೇಳಿದ್ದು. ಅದಕ್ಕೇ, ತಪ್ಪಿದ್ರೆ ನನ್ನ ಕಣ್ಣಿಂದೇ ಇರಬೇಕು ಅಂದ್ಕೊಂಡೆ."

ಅವನು ಕೆನ್ನೆಗೆ ಬಾರಿಸಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಇದನ್ನು ತಡೆಯಲಾಗಲಿಲ್ಲ. ಮೂಗು, ಕಣ್ಣು ಎಲ್ಲ ಒಟ್ಟಿಗೆ ಸುರಿಯಿತು. ಅಳುತ್ತಲೇ ತನ್ನ ಕನ್ನಡಕವನ್ನು ಅವನ ಕಿವಿಗೆ ಸಿಕ್ಕಿಸಿ, ಗಲ್ಲ ಹಿಡಿದು ಮುಖವನ್ನು ಮೇಲೆತ್ತಿ, ಒಂದಿಷ್ಟು ಪಕ್ಕಕ್ಕೆ ತಿರುಗಿಸಿದಳು.

"ಈಗ?"

"ಕಾಣ್ತಿದೆ," ಅಂದ. "ಈ ಸಲ ನಿಜವಾಗಿಯೂ ಕಾಣ್ತಿದೆ. ಕುಡುಗೋಲಿನ ಹಾಗಿದೆ."

ಸೂರ್ಯ ಮತ್ತೆ ತುಂಬಿಕೊಳ್ಳುವವರೆಗೂ ಅವನು ನೋಡುತ್ತಲೇ ನಿಂತ. ಆಮೇಲೆ ಕನ್ನಡಕ ಕಳಚಿ, ಅವಳ ಎಡಗಿವಿಯ ಪಕ್ಕದ ಗೋಡೆಯನ್ನು ದಿಟ್ಟಿಸುತ್ತ ಹೇಳಿದ: "ಆದ್ರೆ ಇದಕ್ಕೆ ಸೇಡು ತೀರಿಸ್ಕೊಳ್ಳದೇ ಬಿಡಲ್ಲ."

"ಏನು ಮಾಡ್ಬೇಕು?"

"ಹದಿನೈದು ದಿನಕ್ಕೆ ಚಂದ್ರಗ್ರಹಣ. ನಿಮ್ಮ ಅಂಗಡಿ ತಾರಸಿ ಮೇಲೆ ನೀವು ಚಂದ್ರನಿಗೆ ಬೆನ್ನು ಹಾಕಿ ಕೂರಬೇಕು. ನಾನು ನೋಡಿ ಹೇಳ್ತೀನಿ, ನೀವು ಕೇಳಬೇಕು. ತಿರುಗಿದ್ರೋ, ಜನ್ಮದಲ್ಲಿ ಮಾತಾಡ್ಸಲ್ಲ."

ಚಂದ್ರಗ್ರಹಣದ ಸಂಜೆ ತಾರಸಿಯ ಒಂದು ಮೂಲೆಯಲ್ಲಿ ಅವಳ ಅಪ್ಪ ಮತ್ತು ತಂಗಿ ಚಾಪೆ ಹಾಸಿಕೊಂಡಿದ್ದರು. ಇನ್ನೊಂದು ಮೂಲೆಯಲ್ಲಿ ಅವಳು ಅವರಿಗೂ ಚಂದ್ರನಿಗೂ ಬೆನ್ನು ಹಾಕಿ, ಅವನು ಎದುರಿಗೆ.

"ಊರೆಲ್ಲ ಆ ಕಡೆ ನೋಡ್ತಿದೆ, ನಮ್ಮವಳು ಈ ಕಡೆ ಕೂತಿದ್ದಾಳೆ. ಇದ್ಯಾವ ಸೀಮೆ ಗ್ರಹಣವೋ!" ಎಂದು ಅಪ್ಪ ಗೊಣಗಿದ.

"ಎಷ್ಟಾಯ್ತು?" ಕುತ್ತಿಗೆ ತಿರುಗಿಸದಂತೆ ಹಲ್ಲು ಕಚ್ಚಿಕೊಂಡು ಅವಳು ಕೇಳಿದಳು.

"ಅರ್ಧಕ್ಕಿಂತ ಜಾಸ್ತಿ."

"ಬಣ್ಣ?"

"ಕೆಂಪು."

"ಎಷ್ಟು ಕೆಂಪು?"

"ಸಿಟ್ಟು ಬಂದಾಗ ನಿಮ್ಮ ಮೂಗಿನ ತುದಿ ಇರುತ್ತಲ್ಲ, ಅಷ್ಟು."

ತಂಗಿ ಆ ಮೂಲೆಯಿಂದ ಕೂಗಿದಳು: "ಅಕ್ಕಾ, ಅವರ ಮಾತು ಕೇಳ್ಬೇಡ! ಚಂದ್ರ ಮೋಡದ ಹಿಂದೆ ಹೋಗಿ ಹತ್ತು ನಿಮಿಷ ಆಯ್ತು!"

"ಸುಳ್ಳುಗಾರ!" ಅವಳು ಎದ್ದೇಬಿಟ್ಟಳು. "ಇಷ್ಟು ಹೊತ್ತು ಏನನ್ನ ನೋಡ್ತಿದ್ರಿ ಮತ್ತೆ?"

ಅವನ ಕಣ್ಣು ಎಂದಿನಂತೆ ಅವಳ ಕಿವಿಯ ಪಕ್ಕದಲ್ಲಿ, ಚಂದ್ರ ಇರಬೇಕಾದ ಕಡೆಗೇ ಇತ್ತು.

"ಚಂದ್ರನನ್ನೇ. ನೇರವಾಗಿ," ಅಂದ. "ಅದಕ್ಕೇ ಅವನು ಹೋಗಿದ್ದು ಗೊತ್ತಾಗ್ಲಿಲ್ಲ. ಪಕ್ಕದಲ್ಲಿದ್ದವರು ಮಾತ್ರ ಚೆನ್ನಾಗಿ ಕಾಣ್ತಿದ್ರು."

ಅವಳಿಗೆ ಜೋಡಿಸಿಟ್ಟ ಬೈಗುಳವೆಲ್ಲ ಮರೆತುಹೋಯಿತು. ಅವನೆದುರು ಮೊಣಕಾಲೂರಿ ಕೂತಳು.

"ಆವತ್ತು ಕೇಳಿದ್ದನ್ನೇ ಮತ್ತೆ ಕೇಳ್ತೀನಿ. ಈ ಸಲ ಎಲ್ಲಿ ಬೇಕಾದ್ರೂ ನೋಡ್ಕೊಂಡು ಹೇಳಿ. ನಾನಂದ್ರೆ ನಿಮಗೆ ಇಷ್ಟನಾ?"

"ತುಂಬಾ ಇಷ್ಟ," ಅಂದ ಮೇಷ್ಟ್ರು.

"ನನ್ನನ್ಯಾಕಪ್ಪ ಎಳೀತೀಯ ಮಧ್ಯೆ?" ಎಂದಿತು ಅವಳ ಹಿಂದಿನಿಂದ ಅಪ್ಪನ ದನಿ.

ತಂಗಿ ಬಿದ್ದು ಬಿದ್ದು ನಕ್ಕಳು. ಈ ಸಲ ಎಲ್ಲರಿಗಿಂತ ಜೋರಾಗಿ ನಕ್ಕವಳು ಅಕ್ಕ. ನಗುತ್ತಲೇ ಅವನ ಕೈ ಹಿಡಿದುಕೊಂಡಳು, ಮೋಡ ಸರಿದು ಚಂದ್ರ ಹೊರಬಂದಾಗಲೂ ತಿರುಗಿ ನೋಡಲಿಲ್ಲ.