ಕರೆಯಲು ಯಾರೂ ಬರಲಿಲ್ಲ

"ಬಂದಿ?"

"ಹ್ಞೂಂ... ಬಂದೆ."

ಬಾದಾಮಿ ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಗಂಡ ಹೆಂಡತಿ ಆಡಿದ್ದು ಇಷ್ಟೇ! ಎಷ್ಟೋ ತಿಂಗಳ ಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಶಂಭು ಅವಳ ಬ್ಯಾಗಿಗೆ ಕೈ ಹಾಕಿದ. ಸುಮಾ ಬಿಡಲಿಲ್ಲ. ಅವನೂ ಬಿಡಲಿಲ್ಲ. ಒಂದೇ ಬ್ಯಾಗಿನ ಒಂದೊಂದು ಹಿಡಿಕೆ ಹಿಡಿದುಕೊಂಡು ಬಸ್ಸಿನ ಬಾಗಿಲಿಗೇ ನಿಂತುಬಿಟ್ಟರು.

"ಅಣ್ಣಾರ, ದಾರಿ ಬಿಡ್ರಿ! ಮನಿಗೆ ಹೋಗಿ ಜಗ್ಗಾಡ್ರಿ!" ಹಿಂದಿನಿಂದ ಕಂಡಕ್ಟರ್ ಕೂಗಿದ.

ಸುತ್ತಲಿದ್ದವರು ನಕ್ಕರು. ಸುಮಾಳ ಕೈ ಸಡಿಲಾಯಿತು. 'ಮನಿಗೆ... ಯಾವ ಮನಿಗೆ?'

ಬ್ಯಾಗು ಹೆಗಲಿಗೇರಿಸಿ ಮುಂದೆ ನಡೆದವನನ್ನು ಅವಳು ಹಿಂದಿನಿಂದ ನೋಡಿದಳು. ಅಂಗಿ ಮೈಮೇಲೆ ಜೋಲಾಡುತ್ತಿತ್ತು. 'ಎಷ್ಟು ಸೊರಗ್ಯಾರ! ಹೊತ್ತಿಗೆ ಸರಿಯಾಗಿ ಉಣ್ತಾರೋ ಇಲ್ಲೋ...' ಮರುಕ್ಷಣವೇ ತನ್ನ ಮೇಲೆ ತನಗೇ ಸಿಟ್ಟು ಬಂತು. ಬೇಡವಾದ ಹೆಂಡತಿಗೆ ಆ ಚಿಂತೆ ಯಾಕೆ?

ಹೌದು, ತಾನು ಬೇಡವಾದವಳು ಎಂದೇ ಅವಳು ತಿಳಿದಿದ್ದಳು. ಅವಳ ತಪ್ಪೂ ಇರಲಿಲ್ಲ ಬಿಡಿ.

ಶಂಭು ಇಳಕಲ್ಲಿನ ಕೈಮಗ್ಗದ ನೇಕಾರ. ಸುಮಾಳ ತವರು ಬಾಗಲಕೋಟೆಯ ನವನಗರ. ಮೊದಲ ಹೆರಿಗೆ ತವರಿನಲ್ಲೇ ಆಗಬೇಕು ಎಂಬ ಪದ್ಧತಿಯಂತೆ, ಸೀಮಂತದ ಕುಬಸ ಮಾಡಿಸಿಕೊಂಡು, ಕೈ ತುಂಬ ಬಳೆ ತೊಟ್ಟುಕೊಂಡು ಬಂದಿದ್ದಳು. ಹೆಣ್ಣು ಕೂಸು ಹುಟ್ಟಿತು. ಆದರೆ ಅಳಲಿಲ್ಲ. ಉಸಿರೂ ಆಡಲಿಲ್ಲ.

ಸುಮಾ ಮಂಪರಿನಿಂದ ಕಣ್ಣು ಬಿಡುವಷ್ಟರಲ್ಲಿ ಅವಳ ಬಾಬಣ್ಣ ಕಾಕಾ ಮತ್ತು ಶಂಭು ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಮಣ್ಣು ಮಾಡಲು ಒಯ್ದಾಗಿತ್ತು.

"ಕೂಸು ಹೆಂಗಿತ್ತು ಬೇ?" ಎಂದು ತಾಯಿ ಲಕ್ಕವ್ವನ ಕೈ ಹಿಡಿದು ಕೇಳಿದ್ದಳು.

"ಯಾರೂ ನೋಡಿಲ್ಲ ನನ್ನವ್ವ. ಸುತ್ತಿದ ಅರಿವಿ ಬಿಚ್ಚಲೇ ಇಲ್ಲ. ನೀನೂ ಮರತ ಬಿಡು."

ಮರೆಯಲು ಮೊದಲು ನೆನಪಾದರೂ ಇರಬೇಕಲ್ಲ! ಅವಳ ಬಳಿ ಅದೂ ಇರಲಿಲ್ಲ.

ಆಮೇಲೆ ಶುರುವಾದದ್ದು ಕಾಯುವಿಕೆ. ಬಾಣಂತನ ಮುಗಿದ ಮೇಲೆ ಗಂಡನ ಮನೆಯ ಹಿರಿಯ ಹೆಂಗಸರು ಸೀರೆ, ಉಡಿಯಕ್ಕಿ ತಂದು ತಾಯಿ ಮಗುವನ್ನು ಕರೆದುಕೊಂಡು ಹೋಗಬೇಕು. ಆದರೆ ಮಗುವೇ ಇಲ್ಲದ ಬಾಣಂತಿಯನ್ನು ಯಾರು ಕರೆಯಬೇಕು? ಹೇಗೆ ಕರೆಯಬೇಕು? ಅದಕ್ಕೊಂದು ಪದ್ಧತಿಯನ್ನು ಯಾರೂ ಮಾಡಿಟ್ಟಿರಲಿಲ್ಲ.

ಇಳಕಲ್ಲಿನಲ್ಲಿ ಶಂಭುವಿನ ತಾಯಿ, "ಸೀರಿ ಹಿಡಕೊಂಡು ಹೆಂಗ ಹೋಗಲಿ? ಹುಡುಗಿ ಹೊಟ್ಟಿ ಉರಿಸಿದಂಗ ಆಗ್ತೈತಿ. ಅವರೇ ತಂದು ಬಿಡಲಿ" ಎಂದು ಕೂತರು. ಬಾಗಲಕೋಟೆಯಲ್ಲಿ ಲಕ್ಕವ್ವ, "ಕರೀದೇ ಹೆಂಗ ಕಳಸಲಿ? ನನ್ನ ಮಗಳೇನು ಬಿಟ್ಟಿ ಬಿದ್ದಾಳ?" ಎಂದು ಕೂತಳು. ಇಬ್ಬರೂ ಕೆಟ್ಟವರಲ್ಲ. ಇಬ್ಬರೂ ಸುಮಾಳನ್ನು ನೆನೆದು ಸೆರಗಿನಲ್ಲಿ ಕಣ್ಣೊರೆಸಿಕೊಂಡವರೇ. ಆದರೆ ಆ ಮನೆಯ ಮಾತು ಈ ಮನೆಗೆ, ಈ ಮನೆಯ ಮಾತು ಆ ಮನೆಗೆ ಗೊತ್ತೇ ಇರಲಿಲ್ಲ.

ಶಂಭುವಿನ ಫೋನು ಮೊದಮೊದಲು ದಿನಾ ಬರುತ್ತಿತ್ತು. "ಊಟ ಆತೇನು?" "ಆತ್ರಿ." ಬರಬರುತ್ತಾ ಅದೂ ಕಡಿಮೆಯಾಯಿತು. ಹೀಗಿರುವಾಗ ಒಮ್ಮೆಲೇ, "ಬಾದಾಮಿ ನೋಡಾಕ ಹೋಗೂಣೇನು? ಎರಡು ದಿನ ಆರಾಮ ಇದ್ದು ಬರೂಣು" ಎಂದಿದ್ದ!

ಬನಶಂಕರಿಗೆ ಕಾಯಿ ಒಡೆಸಲು ಇಬ್ಬರೂ ಎಷ್ಟೋ ಸಲ ಬಂದಿದ್ದರು. ಪಕ್ಕದ ಬಾದಾಮಿಯೊಳಗೆ ಮಾತ್ರ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಮದುವೆಯಾದಾಗಿನಿಂದ ಎಲ್ಲಿಗೂ ಕರೆದೊಯ್ಯದ ಗಂಡ ಈಗ್ಯಾಕೆ ಕರೆಯುತ್ತಿದ್ದಾನೆ?

ಸುಮಾ ರಾತ್ರಿಯೆಲ್ಲ ಯೋಚಿಸಿ ಒಂದು ತೀರ್ಮಾನಕ್ಕೆ ಬಂದಿದ್ದಳು. 'ಮನಿಯಾಗ ಎಲ್ಲಾರ ಮುಂದ ಹೇಳಾಕ ಬಾಯಿ ಬರಲಿಕ್ಕಿಲ್ಲ. ಬ್ಯಾರೆ ಊರಾಗ ಸಮಾಧಾನಲೆ ಹೇಳಿ, ಸಂಬಂಧ ಮುಗಿಸಾಕ ಕರ್ಯಾಕತ್ತಾರ...'

ಆ ಮಾತನ್ನು ಅವನ ಬಾಯಿಂದಲೇ ಕೇಳಿಬಿಡೋಣ ಎಂದು ಬಂದಿದ್ದಳು.

*

"ಹೊಸಾ ಜೋಡಿ ಏನ್ರೀ?" ಆಟೋ ಓಡಿಸುತ್ತಿದ್ದ ನಾಸೀರ ಕನ್ನಡಿಯಲ್ಲಿ ನೋಡಿ ಕೇಳಿದ.

"ಇಲ್ಲಪಾ, ಹಳೇವ್ರು" ಎಂದ ಶಂಭು.

"ಮತ್ತ ನಡುವ ಇಷ್ಟು ಜಾಗಾ ಬಿಟ್ಟೀರಿ? ಇನ್ನೊಂದು ಸೀಟ ಹತ್ತಿಸ್ಕೊಳ್ಳಲೇನು?"

ಶಂಭು ಸುಮ್ಮನೆ ನಕ್ಕ. ಆದರೆ ಸರಿದು ಕೂರಲಿಲ್ಲ. ಸುಮಾ ಅದನ್ನು ಗಮನಿಸಿದಳು. ತಾನೂ ಸರಿಯಲಿಲ್ಲ ಎಂಬುದು ಅವಳ ಗಮನಕ್ಕೆ ಬರಲಿಲ್ಲ, ನೋಡಿ!

ಗುಹೆಗಳ ಮೆಟ್ಟಿಲು ಹತ್ತುವಾಗ ಮಂಗಗಳ ಕಾಟ. "ಫೋನು ಒಳಗಿಡು" ಎಂದು ಶಂಭು ಅವಳ ಪಕ್ಕಕ್ಕೆ ಬಂದು ನಡೆದ. ಕೆಂಪು ಕಲ್ಲಿನ ದೊಡ್ಡ ದೊಡ್ಡ ಮೂರ್ತಿಗಳನ್ನು ಜನರೆಲ್ಲ ಕತ್ತೆತ್ತಿ ನೋಡುತ್ತಿದ್ದರೆ, ಶಂಭು ಮಾತ್ರ ಬಗ್ಗಿ ಒಂದು ಮೂರ್ತಿಯ ಸೊಂಟದ ವಸ್ತ್ರದ ಅಂಚು ನೋಡುತ್ತಾ ನಿಂತ.

"ಸುಮಾ, ಇಲ್ಲಿ ನೋಡ! ದಡಿ ಎಷ್ಟು ಚಂದ ಬಿಟ್ಟಾನ!"

"ಅಯ್ಯ, ಊರು ಬಿಟ್ಟು ಬಂದ್ರೂ ಮಗ್ಗ ಬಿಡಲಿಲ್ಲಲ್ರಿ ನೀವು! ದೇವರ ಮಾರಿನರ ನೋಡ್ರಿ ಮೊದಲ!"

ಅಂದವಳು ಕಿಸಕ್ಕನೆ ನಕ್ಕುಬಿಟ್ಟಳು. ಶಂಭು ತಿರುಗಿ ಅವಳನ್ನೇ ನೋಡಿದ. ಎಷ್ಟು ದಿನವಾಗಿತ್ತು ಆ ನಗು ಕೇಳಿ!

ಅಷ್ಟರಲ್ಲೇ ಸುಮಾಳ ಮುಖ ಕಪ್ಪಿಟ್ಟಿತು. 'ನಾ ನಕ್ಕೆನಲ್ಲ! ಕೂಸಿನ್ನ ಮಣ್ಣಾಗಿಟ್ಟು ಹೆಂಗ ನಗಾಕತ್ತೇನಿ...' ಅವಳು ಸೆರಗು ಬಾಯಿಗೆ ಒತ್ತಿ ಹೊರಗೆ ನಡೆದುಬಿಟ್ಟಳು. ತನ್ನ ಮುಖ ನೋಡಿಯೇ ಅವಳ ನಗು ಆರಿತು ಎಂದುಕೊಂಡ ಶಂಭು, ಅಲ್ಲೇ ಕಂಬಕ್ಕೆ ಒರಗಿ ನಿಂತ.

ಮಧ್ಯಾಹ್ನ ಚೊಳಚಗುಡ್ಡಕ್ಕೆ ಹೋಗಿ ಬನಶಂಕರಿಗೆ ಕೈ ಮುಗಿದರು. ಗುಡಿಯ ಬಳಿ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರಿಂದ ರೊಟ್ಟಿ, ಕೆಂಪು ಚಟ್ನಿ, ಗಟ್ಟಿ ಮೊಸರು ತಗೊಂಡು ಮರದ ನೆರಳಲ್ಲಿ ಕೂತರು. ಶಂಭು ಮೆತ್ತನೆಯ ರೊಟ್ಟಿಗಳನ್ನೆಲ್ಲ ಆರಿಸಿ ಅವಳ ಎಲೆಗೆ ಹಾಕಿ, ಕಟಕು ರೊಟ್ಟಿ ತಾನಿಟ್ಟುಕೊಂಡ.

"ನಿಮಗೂ ಮೆತ್ತಂದು ಸೇರ್ತೈತಲ್ಲ?"

"ನೀ ಉಣ್ಣ. ಭಾಳ ಇಳದೀ."

ಆ ಒಂದು ಮಾತಿಗೆ ಸುಮಾ ಮುರಿದ ರೊಟ್ಟಿಯನ್ನು ಎಲೆಗೇ ಹಾಕಿದಳು. 'ಕಡೀ ಸಲ ಅಂತ ಇಷ್ಟು ಅಕ್ಕರತಿ...' ಅವನು ಪ್ರೀತಿ ತೋರಿಸಿದಷ್ಟೂ ಅವಳ ಸಂಶಯ ಗಟ್ಟಿಯಾಗುತ್ತಿತ್ತು. ರೊಟ್ಟಿ ಅಲ್ಲೇ ಬಿಟ್ಟು ನೀರು ಕುಡಿದಳು.

*

ಮರುದಿನ ಬೆಳಿಗ್ಗೆ ಅಗಸ್ತ್ಯ ತೀರ್ಥದ ದಂಡೆ. ಕೆಂಪು ಗುಡ್ಡದ ನೆರಳು ಹಸಿರು ನೀರಿನಲ್ಲಿ ಬಿದ್ದಿತ್ತು. ಮೆಟ್ಟಿಲ ತುಂಬ ಬಟ್ಟೆ ಒಗೆಯುವ ಹೆಂಗಸರು. ಸಂಜೆಯ ಬಸ್ಸಿಗೆ ಇಬ್ಬರೂ ಬೇರೆ ಬೇರೆ ದಾರಿ ಹಿಡಿಯಬೇಕು. ಲಾಡ್ಜಿನಲ್ಲಿ ಒಂದು ರಾತ್ರಿ ಕಳೆದರೂ ಶಂಭು ಇನ್ನೂ ಏನೂ ಹೇಳಿರಲಿಲ್ಲ. ಏನೋ ಹೇಳಲು ಬಾಯಿ ತೆರೆಯುವುದು, ಮುಚ್ಚುವುದು... ಇಷ್ಟೇ.

"ತಸ್ಲೀಮಾ, ಹೊತ್ತಾತು, ಲಗೂನ ಬಾ!" ಮೇಲಿನಿಂದ ಯಾರೋ ಕೂಗಿದರು. ಕೆಳಗಿನ ಮೆಟ್ಟಿಲಲ್ಲಿದ್ದ ಹೆಂಗಸು, ಒಂದು ಕಂಕುಳಲ್ಲಿ ಎಳೆಗೂಸು ಇಟ್ಟುಕೊಂಡು ದೊಡ್ಡ ಜಮಖಾನೆ ಹಿಂಡಲು ಒದ್ದಾಡುತ್ತಿದ್ದಳು. ಹತ್ತಿರ ನಿಂತ ಸುಮಾಳನ್ನು ನೋಡಿ ನಕ್ಕಳು.

"ಅಕ್ಕಾರ, ಚೂರು ಕೂಸಿನ್ನ ಹಿಡಕೋತೀರೇನು? ಇದನ್ನ ಹಿಂಡಿ ತಗೋತೇನಿ."

ಸುಮಾಳ ತೋಳುಗಳು ತಾವಾಗಿಯೇ ಮುಂದೆ ಚಾಚಿದವು.

"ಬ್ಯಾಡ! ಆಕಿ ಕೈಯಾಗ ಕೊಡಬ್ಯಾಡ್ರಿ!"

ಶಂಭು ಕೂಗಿದ ದನಿಗೆ ತಸ್ಲೀಮಾ ಬೆಚ್ಚಿ ಕೂಸನ್ನು ಎದೆಗವಚಿಕೊಂಡಳು. ಒಗೆಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಸುಮಾಳ ಬರಿಗೈಗಳು ಹಾಗೇ ಇದ್ದವು... ಇಳಿಸಬೇಕೆಂಬುದೂ ತೋಚಲಿಲ್ಲ.

ಆಮೇಲೆ ಅವಳು ತಿರುಗಿ, ಭೂತನಾಥ ಗುಡಿಯ ಕಡೆಗೆ ದಂಡೆಗುಂಟ ಸರಸರ ನಡೆದಳು. ಶಂಭು ಓಡುತ್ತಾ ಬಂದ.

"ಸುಮಾ! ನಿಂದ್ರ! ಸುಮಾ..."

"ಹೇಳಿಬಿಡ್ರಿ!" ಅವಳು ಗಕ್ಕನೆ ನಿಂತಳು. "ಊರು ತೋರಿಸಿದ್ರಿ, ರೊಟ್ಟಿ ಉಣಿಸಿದ್ರಿ. ಇನ್ನ ಹೇಳಾಕ ಬಂದ ಮಾತು ಹೇಳ್ರಿ! ಸತ್ತ ಕೂಸಿನ್ನ ಹಡದಾಕಿ ನಾ. ಕಂಡವರ ಕೂಸು ಮುಟ್ಟಬಾರದು, ನಿಮ್ಮ ಹೊಸ್ತಿಲಾ ತುಳೀಬಾರದು... ಹೌದಲ್ಲ? ನನ್ನ ಬಿಡಾಕಂತನ ಇಲ್ಲಿ ಕರಸೀರಲ್ಲ?"

ಶಂಭುವಿನ ಮುಖ ಬಿಳಿಚಿಕೊಂಡಿತು. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ.

"ಬಿಡಾಕ? ನಿನ್ನ? ನಾನು?"

"ಮತ್ತ ಆಕಿ ಕೈಯಾಗ ಕೊಡಬ್ಯಾಡ ಅಂದ್ರಲ್ಲ!"

"ಅದು ನನ್ನ ಸಲುವಾಗಿ ಅಂದೆ. ನೀ ಕೂಸು ಎತ್ತಿಕೊಂಡು ನಿಂತದ್ದು ನೋಡಿದ್ರ ನನಗ ತಡಕೊಳ್ಳಾಕ ಆಗ್ತಿದ್ದಿಲ್ಲ. ಬಾಯಿ ಬಿಟ್ಟು ಎಲ್ಲಾ ಹೇಳಿಬಿಡ್ತಿದ್ದೆ."

"ಏನು ಹೇಳಿಬಿಡ್ತಿದ್ರಿ?"

ಅವನು ನೀರಿನ ಕಡೆ ನೋಡಿದ.

"ನಾ ನೋಡೇನಿ ಸುಮಾ... ನಮ್ಮ ಕೂಸಿನ್ನ."

ಸುಮಾ ಒಂದು ಮೆಟ್ಟಿಲು ಇಳಿದು ಅವನ ಹತ್ತಿರ ಬಂದಳು.

"ಕಾಕಾ ಕುಣಿ ತೆಗಿಯೋ ತನಕ ನನ್ನ ತೊಡಿ ಮ್ಯಾಲ ಇತ್ತು. ಅರಿವಿ ಸರಿಸಿ ನೋಡಿದೆ. ಕಾಕಾ ಕಂಡು ಗಾಬರಿ ಆದ. ತಾಯಿಗೆ ಮಾರಿ ಗುರುತು ಹೇಳಿದ್ರ ಆಕಿ ಅದರ ಹಿಂದನ ಹೋಗ್ತಾಳ, ಆಕಿ ಉಳೀಬೇಕಂದ್ರ ಬಾಯಿ ಬಿಡಬ್ಯಾಡ ಅಂತ ನನ್ನ ಕಡೆ ಆಣಿ ಮಾಡಿಸ್ಕೊಂಡ. ಹೆದರಿದ್ನಿ ಸುಮಾ. ನಿನ್ನ ಮುಂದ ಕುಂತ್ರ ಸಾಕು, ಹೇಳಿಬಿಡ್ತೇನಿ ಅನಸ್ತಿತ್ತು. ಅದಕ್ಕ ಬರಲಿಲ್ಲ. ಮನಿಯಾಗ ಅವ್ವ ನೋಡಿದ್ರ, ನಿಮ್ಮವರೇ ತಂದು ಬಿಡ್ತಾರ ಅಂತ ದಾರಿ ಕಾಯಾಕತ್ತಾಳ..."

"ನಮ್ಮವ್ವ ನೀವು ಕರೀತೀರಿ ಅಂತ ಕಾಯಾಕತ್ತಾಳ!"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಇಷ್ಟೇನಾ? ಇಷ್ಟಕ್ಕಾಗಿ ಇಷ್ಟು ತಿಂಗಳು ಒಬ್ಬೊಬ್ಬರೇ ಅತ್ತರೇ?

ಆದರೆ ಸುಮಾಳಿಗೆ ಈಗ ಆ ಲೆಕ್ಕ ಬೇಕಿರಲಿಲ್ಲ. ಅವಳು ಅವನ ಮುಂದೆ ಕೂತು ಎರಡೂ ಕೈ ಹಿಡಿದಳು. ಈ ಕೈಗಳು ತನ್ನ ಮಗಳನ್ನು ಹಿಡಿದಿದ್ದವು!

"ಹೇಳ್ರಿ... ಹೆಂಗಿದ್ಲು?"

"ಸುಮಾ, ಆಣಿ..."

"ನಿಮ್ಮ ಆಣಿಗೆ ಬೆಂಕಿ ಹತ್ತಲಿ! ನಾ ಒಂಬತ್ತು ತಿಂಗಳ ಹೊತ್ತಾಕಿ. ಕಣ್ಣು ಮುಚ್ಚಿದ್ರ ನನಗ ಬರೇ ಒಂದು ಅರಿವಿ ಗಂಟು ಕಾಣತೈತ್ರಿ! ಮಾರಿನ ಕಾಣವಲ್ದು! ಹೇಳ್ರಿ!"

ಶಂಭು ಮೆಲ್ಲಗೆ ಹೇಳತೊಡಗಿದ.

"ಕೂದಲಾ ಭಾಳ ಇದ್ದವು. ಕರ್ರಗ. ಹಣಿ ನಿಂದು... ಅಗಲ. ಮೂಗು ಇನ್ನ ಯಾರದು ಅಂತ ಹೇಳಾಕ ಬರ್ತಿದ್ದಿಲ್ಲ. ಎಡಗಿವಿ ತುದಿ ನನ್ನಂಗ ಮಡಚಿತ್ತು. ಬೆರಳು ಉದ್ದ ಇದ್ದವು. ಮುಷ್ಟಿ ಕಟ್ಟಿದ್ಲು. ನಿದ್ದಿ ಹತ್ತಿದವರ ಹಂಗ ಇತ್ತು ಮಾರಿ. ನೋವು ತಿಂದವರ ಹಂಗ ಇರಲಿಲ್ಲ. ಖರೇ ಹೇಳ್ತೇನಿ... ನೋವು ತಿಂದಂಗ ಇರಲಿಲ್ಲ."

ಸುಮಾ ಅತ್ತಳು. ಅವನ ಮಡಿಲಲ್ಲಿ ಮುಖ ಹುದುಗಿಸಿ, ತವರಿನ ಮುಚ್ಚಿದ ಕೋಣೆಯಲ್ಲಿ ಇಷ್ಟು ದಿನ ಅಳಲಾಗದ್ದನ್ನೆಲ್ಲ ಗುಡ್ಡ ಮಾರ್ದನಿಸುವಂತೆ ಅತ್ತಳು. ಶಂಭು ಸುಮ್ಮನಿರಿಸಲು ನೋಡಲಿಲ್ಲ. ಅವನೂ ಅಳುತ್ತಿದ್ದ.

ಬಹಳ ಹೊತ್ತಿನ ಮೇಲೆ ಅವಳು ಕಣ್ಣೊರೆಸಿಕೊಂಡಳು.

"ಹೆಸರಿಲ್ಲದ ಹೋತ್ರಿ ನಮ್ಮ ಕೂಸು..."

ಶಂಭು ತಲೆ ತಗ್ಗಿಸಿದ. ತೊಟ್ಟಿಲಿಗೆ ಹಾಕಿದ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ಉಸಿರಾಡದ ಕೂಸಿಗೆ ತೊಟ್ಟಿಲೂ ಇಲ್ಲ, ಹೆಸರೂ ಇಲ್ಲ. ಪದ್ಧತಿ ಹಾಗೆ.

"ಹೋಗಿಲ್ಲ" ಎಂದ ಅವನು. "ಮಣ್ಣಿಗಿಡೂಕಿಂತ ಮೊದಲ ಆಕಿ ಕಿವಿಯಾಗ ನಾ ಹೇಳೇನಿ. ತಪ್ಪೋ ಒಪ್ಪೋ ಗೊತ್ತಿಲ್ಲ. ಹಂಗ ಕಳಸಾಕ ಮನಸ್ಸಾಗಲಿಲ್ಲ."

ಸುಮಾ ಅವನ ತೋಳು ಹಿಡಿದು ಹತ್ತಿರಕ್ಕೆ ಸರಿದಳು.

"ಏನಂತ ಹೇಳಿದ್ರಿ? ನನ್ನ ಕಿವಿಯಾಗೂ ಹೇಳ್ರಿ."

ಅವನು ಬಗ್ಗಿದ. ಬಿಸಿಯುಸಿರು ಅವಳ ಕೆನ್ನೆಗೆ ತಾಗಿತು.

"ಕಸ್ತೂರಿ."

"ಕಸ್ತೂರಿ..." ಸುಮಾ ಮೆಲ್ಲಗೆ ಅಂದಳು. ಮತ್ತೆ ಗಟ್ಟಿಯಾಗಿ ಅಂದಳು, "ಕಸ್ತೂರಿ!" ಇಷ್ಟು ದಿನ ಎದೆಯಲ್ಲಿ ಕೂತಿದ್ದ ಬಟ್ಟೆಯ ಗಂಟಿಗೆ ಈಗ ಮುಖವಿತ್ತು, ಹೆಸರಿತ್ತು.

ಶಂಭು ಅವಳ ಕಣ್ಣೀರು ಒರೆಸಿದ. ಆಮೇಲೆ ಎದ್ದು ನಿಂತು, ಎರಡು ದಿನದಿಂದ ಬಾಯಿಗೆ ಬಂದು ಬಂದು ಹಿಂದೆ ಹೋಗುತ್ತಿದ್ದ ಮಾತನ್ನು ಕೊನೆಗೂ ಆಡಿದ.

"ಸುಮಾ, ನನ್ನ ಕೈಯಾಗ ಸೀರಿ ಇಲ್ಲ, ಉಡಿಯಕ್ಕಿ ಇಲ್ಲ. ಸಂಗಡ ಹಿರೇರೂ ಇಲ್ಲ. ನಾ ಒಬ್ಬನ ಕರ್ಯಾಕ ಬಂದೇನಿ. ಬರ್ತೀಯೇನು ಮನಿಗೆ?"

"ನಮ್ಮನ್ನ ಇಬ್ಬರನ್ನೂ ಕರೀರಿ" ಎಂದಳು ಸುಮಾ.

ಅವನಿಗೆ ಅರ್ಥವಾಯಿತು. ಕೈ ಚಾಚಿ ಕರೆದ.

"ಸುಮಾ, ಕಸ್ತೂರಿ... ಮನಿಗೆ ನಡೀರಿ."

"ಬಂದ್ವಿ" ಎಂದು ಅವಳು ಅವನ ಕೈ ಹಿಡಿದುಕೊಂಡು ಎದ್ದಳು.