ಸಾಹೇಬರ ಸಲಾಮು

ಅವರು ಮೊದಲ ಸಲ ನನ್ನ ಅಂಗಡಿಗೆ ಬಂದಾಗ ಕೈಯಲ್ಲಿ ಒಂದು ಹೊರೆ ಶರ್ಟುಗಳಿದ್ದವು. ಎಲ್ಲಕ್ಕೂ ಒಂದೇ ಕಾಯಿಲೆ. ಎಡ ಭುಜದ ಮೇಲೆ ಮಾತ್ರ ನೂಲು ಎದ್ದು ಬಟ್ಟೆ ಜಾಳುಜಾಳಾಗಿತ್ತು. ಹರಿದ ಬಟ್ಟೆ ನೋಡಿ ಮನೆಯ ಕಥೆ ಊಹಿಸುವ ಚಾಳಿ ನಮ್ಮಂಥ ಟೈಲರುಗಳಿಗೆ ಇದ್ದೇ ಇರುತ್ತದೆ. ಇದು ಹೆಂಡತಿಯ ಉಗುರು ಎಂದು ಆಗಲೇ ತೀರ್ಮಾನಿಸಿಬಿಟ್ಟೆ.

“ಮನೇಲಿ ಸ್ವಲ್ಪ ಉಗುರು ಕತ್ತರಿಸ್ಕೊಳ್ಳೋಕೆ ಹೇಳಿ,” ಎಂದೆ, ತಲೆ ಎತ್ತದೆ.

“ಕತ್ತರಿಸೋಕೆ ಹೋದ್ರೆ ಸಿಟ್ಟು ಬರುತ್ತೆ ಮೇಡಂ. ಗಡ್ಡ ಕಪ್ಪಗೆ ಮಾಡ್ಕೊಂಡು ಬಾಯಿ ತೆಗೀತಾರೆ.”

ಈಗ ತಲೆ ಎತ್ತಲೇಬೇಕಾಯಿತು. “ಗಡ್ಡವಾ?”

“ಹಲ್ಲಿ ಮೇಡಂ. ಸಾಕಿದೀನಿ. ಭುಜದ ಮೇಲೇ ಇರ್ತಾರೆ, ನಮ್ಮ ಸಾಹೇಬರು.”

ನಾನು ನಕ್ಕೆ. ಅವರೂ ನಕ್ಕರು, ಆದರೆ ಕೈ ಅಡ್ಡ ಹಿಡಿದು. ಕೈಯ ಹಿಂದೆ ಮುಂದಿನ ಹಲ್ಲೊಂದು ಸೊಟ್ಟಗಿರುವುದು ನನ್ನ ಕಣ್ಣಿಗೆ ಬಿದ್ದೇಬಿಟ್ಟಿತು. ಅವರ ಕೆಲಸ ಕೃತಕ ಹಲ್ಲಿನ ಸೆಟ್ಟು ಮಾಡುವುದು ಎಂದು ಆಮೇಲೆ ಗೊತ್ತಾಯಿತು. ಊರಿನವರಿಗೆಲ್ಲ ಬಾಯಿ ತುಂಬ ನಗು ಮಾಡಿಕೊಡುವ ಮನುಷ್ಯ ತಾನು ನಗುವಾಗ ಬಾಯಿ ಮುಚ್ಚಿಕೊಳ್ಳುತ್ತಿದ್ದ. ನಾನು ಸೋತದ್ದು ಅಲ್ಲೇ ಇರಬೇಕು.

ಎಲ್ಲ ಶರ್ಟಿಗೂ ಎಡ ಭುಜದ ಮೇಲೆ ದಪ್ಪ ಬಟ್ಟೆಯ ಇನ್ನೊಂದು ಪದರ ಹಾಕಿ, ಹೊಲಿಗೆ ಹೊರಗೆ ಕಾಣದ ಹಾಗೆ ಹೊಲಿದುಕೊಟ್ಟೆ. “ಇದು ಸಾಹೇಬರ ಸೀಟು,” ಎಂದೆ. ಅವರು ಮತ್ತೆ ಬಾಯಿ ಮುಚ್ಚಿಕೊಂಡು ನಕ್ಕರು.

ಕೆಲವು ತಿಂಗಳ ನಂತರ ಸಾಹೇಬರೇ ಗಾಜಿನ ಪೆಟ್ಟಿಗೆ ಸಮೇತ ಬಂದಿಳಿದರು. ಮಗನ ಜೊತೆ ಇರಲು ಬಂದ ಅಮ್ಮ, ಮನೆಯಲ್ಲಿ ಅದಿರಬೇಕು ಇಲ್ಲ ತಾನಿರಬೇಕು ಎಂದು ಬ್ಯಾಗು ಹಿಡಿದು ಹೊಸ್ತಿಲಲ್ಲೇ ಕೂತುಬಿಟ್ಟಿದ್ದರಂತೆ.

“ಒಂದು ವಾರ ಇಟ್ಕೊಳ್ತೀರಾ ಮೇಡಂ? ಸಾಹೇಬರಿಗೆ ಬಿಸಿ ಬೇಕು. ನಿಮ್ಮಲ್ಲಿ ಇಸ್ತ್ರಿ ಹೇಗೂ ಇಡೀ ದಿನ ಕಾಯ್ತಾ ಇರುತ್ತೆ.”

ನಮ್ಮ ಓತಿಕ್ಯಾತನ ದೂರದ ನೆಂಟನ ಹಾಗಿತ್ತು ಪ್ರಾಣಿ. ಮೊಳಕೈಯುದ್ದ, ಮರಳಿನ ಬಣ್ಣ, ಗಲ್ಲದ ಸುತ್ತ ಮುಳ್ಳು. ನನಗೆ ಗೋಡೆಯ ಮೇಲಿನ ಹಲ್ಲಿ ಕಂಡರೇ ಮೈ ಜುಮ್ಮೆನ್ನುತ್ತದೆ. ಆದರೂ ಇಟ್ಟುಕೊಳ್ತೀನಿ ಎಂದೆ. ಅವರು ಕೇಳಿದ್ದರೆ ಮೊಸಳೆಯನ್ನೂ ಇಟ್ಟುಕೊಳ್ಳುತ್ತಿದ್ದೆ.

ವಾರ ವರ್ಷ ದಾಟಿತು. ಮೂಲೆಯಲ್ಲಿ ಕೂತು ಗುಂಡಿ ಹಾಕಿಕೊಡುವ ನನ್ನ ಚಿಕ್ಕಮ್ಮನಿಗೆ ಎಲ್ಲವೂ ಅರ್ಥವಾಗಿತ್ತು.

“ಹಲ್ಲು ಕಟ್ಟೋನು ಹಲ್ಲಿ ಸಾಕಿದ. ನೀನು ಅವನ ಆಸೆ ಸಾಕ್ತಾ ಕೂತಿದೀಯ,” ಎನ್ನುತ್ತಿದ್ದಳು.

“ಸುಮ್ನಿರು ಚಿಕ್ಕಮ್ಮ.”

“ನಾನು ಸುಮ್ನಿರ್ತೀನಿ. ಭಾನುವಾರ ಬಂತು ಅಂದ್ರೆ ನಿನ್ನ ಮುಖ ಸುಮ್ನಿರಲ್ವಲ್ಲ.”

ಭಾನುವಾರ ಅಂಗಡಿಗೆ ರಜೆ. ಅರ್ಧ ಬಾಗಿಲು ತೆಗೆದಿಟ್ಟು ಕಾಯುತ್ತಿದ್ದೆ. ಅವರು ಹುಬ್ಬಿಗೆ ಹಲ್ಲಿನ ಅಚ್ಚಿನ ಪ್ಲಾಸ್ಟರ್ ಪುಡಿ ಮೆತ್ತಿಕೊಂಡು, ಕೈಯಲ್ಲಿ ಮಿಡತೆಯ ಡಬ್ಬಿ ಹಿಡಿದು ಬರುತ್ತಿದ್ದರು. ನೇರ ಪೆಟ್ಟಿಗೆಯ ಹತ್ತಿರ ಹೋಗಿ ಮೇಲಿನಿಂದ ಬಗ್ಗುತ್ತಿದ್ದರು. ಆಗ ಸಾಹೇಬರು ಮುಂದಿನ ಒಂದು ಕೈ ಎತ್ತಿ, ಗಾಳಿಯಲ್ಲಿ ನಿಧಾನವಾಗಿ ಒಂದು ಸುತ್ತು ತಿರುಗಿಸಿ, ಕೆಳಗಿಡುತ್ತಿದ್ದರು.

“ನೋಡಿದ್ರಾ? ಸಲಾಂ. ನಮ್ಮನೇಲಿದ್ದಾಗ ಒಂದು ದಿನ ಹೀಗೆ ಮಾಡಿರಲಿಲ್ಲ. ದೂರ ಆದ್ಮೇಲೆ ಪ್ರೀತಿ ಜಾಸ್ತಿ ಆಗಿದೆ.”

“ನನಗೆ ಮಾತ್ರ ಇವತ್ತಿನವರೆಗೂ ಒಂದು ಸಲಾಂ ಇಲ್ಲ.”

“ನಿಮ್ಮನ್ನ ದಿನಾ ನೋಡ್ತಾರಲ್ಲ, ಅದಕ್ಕೆ ಸಸಾರ.” ನಗು ನಿಲ್ಲಿಸಿ, ಗಾಜನ್ನೇ ನೋಡುತ್ತ ಹೇಳಿದರು: “ನಿಜ ಹೇಳ್ಲಾ ಮೇಡಂ? ನಾನು ಬಂದೆ ಅಂತ ಖುಷಿಪಡೋ ಜೀವ ಇದೊಂದೇ.”

ಪಕ್ಕದಲ್ಲೇ ನಾನು ನಿಂತಿದ್ದೆ. ಬೆಳಿಗ್ಗೆಯೇ ತಲೆ ಸ್ನಾನ ಮಾಡಿ, ಹೊಸದಾಗಿ ಹೊಲಿದ ಕುರ್ತಾ ಹಾಕಿಕೊಂಡು.

ವಾರವಿಡೀ ಸೊಪ್ಪು ಹೆಚ್ಚುವವಳು ನಾನು. ಬೆಚ್ಚಗಿನ ನೀರಲ್ಲಿ ಮೀಯಿಸುವವಳು, ಪೊರೆ ಬಿಡಿಸುವವಳು ನಾನು. ಮೆಷಿನ್ ತುಳಿಯುವಾಗ ಸಾಹೇಬರು ನನ್ನ ಎಡ ಭುಜದ ಮೇಲೆ ಅಂಟಿಕೊಂಡು ಕಣ್ಣು ಮುಚ್ಚುತ್ತಿದ್ದರು. ಸಲಾಮು ಮಾತ್ರ ಭಾನುವಾರ ಬರುವವರಿಗೆ. ಹಲ್ಲಿಯ ಮೇಲೂ ಹೊಟ್ಟೆಕಿಚ್ಚು ಪಡುವ ಗತಿ ನನಗೆ ಬಂದಿತ್ತು.

ಒಂದು ದಿನ ಸಾಹೇಬರ ಕಾಲ್ಬೆರಳಿಗೆ ನೂಲು ಸುತ್ತಿಕೊಂಡು ಊದಿತು. ಟೈಲರ್ ಅಂಗಡಿಯಲ್ಲಿ ಹಲ್ಲಿ ಸಾಕಿದರೆ ಬರುವ ಆಪತ್ತು ಅದು. ಪ್ರಾಣಿಗಳ ಡಾಕ್ಟರ ಹತ್ತಿರ ಓಡಿದೆ. ಆಕೆ ನೂಲು ಬಿಡಿಸಿ ಮುಲಾಮು ಹಚ್ಚಿದರು. ಮೇಜಿನ ಮೇಲೆ ಕೂತ ಸಾಹೇಬರು ಆಕೆಯನ್ನು ನೋಡಿ ಕೈ ಎತ್ತಿ ಸುತ್ತು ತಿರುಗಿಸಿದರು.

“ನೋಡಿ ಡಾಕ್ಟ್ರೇ, ನಿಮಗೂ ಸಲಾಂ ಹೊಡೀತಿದಾರೆ,” ಎಂದೆ.

“ಸಾಕಿದವರೆಲ್ಲ ಹೀಗೇ ಅಂದ್ಕೊಳ್ತಾರೆ,” ಎಂದು ಡಾಕ್ಟರು ನಕ್ಕರು. “ಇದು ಸಲಾಂ ಅಲ್ಲಮ್ಮ. ಭಯ. ದೊಡ್ಡ ಪ್ರಾಣಿ ಎದುರಿಗೆ ಬಂದಾಗ ಹೀಗೆ ಕೈ ಎತ್ತುತ್ತೆ. ನಿನ್ನ ಮುಂದೆ ನಾನು ಏನೂ ಅಲ್ಲ, ನನ್ನ ಪಾಡಿಗೆ ನನ್ನ ಬಿಟ್ಟುಬಿಡು ಅಂತ.”

ಸಾಹೇಬರನ್ನು ಎತ್ತಿ, ತಂದಿದ್ದ ಡಬ್ಬಿಯೊಳಗೆ ಇಳಿಸಿದೆ. “ಮೊದಲು ಸಾಕಿದವರು ವಾರಕ್ಕೊಂದು ಸಲ ಬರ್ತಾರೆ. ಅವರಿಗೂ ಎತ್ತುತ್ತೆ.”

“ಮರೆತಿರುತ್ತೆ. ನಿಮಗೆ ಎತ್ತುತ್ತಾ?”

“ಇಲ್ಲ. ಒಂದು ದಿನವೂ ಇಲ್ಲ.”

“ಹಾಗಾದ್ರೆ ನಿಮ್ಮನ್ನ ನಂಬಿದೆ.”

ದಾರಿಯುದ್ದಕ್ಕೂ ಡಬ್ಬಿಯನ್ನು ಎದೆಗೆ ಅವುಚಿಕೊಂಡು ಬಂದೆ. ಮೊದಲು ಖುಷಿಯಾಯಿತು. ಆಮೇಲೆ, ಖುಷಿಪಡೋ ಜೀವ ಇದೊಂದೇ ಎಂದ ಅವರ ಮುಖ ನೆನಪಾಯಿತು. ಅಂಗಡಿಗೆ ಬಂದು ಚಿಕ್ಕಮ್ಮನಿಗೆ ಮಾತ್ರ ಹೇಳಿದೆ.

ಮುಂದಿನ ಭಾನುವಾರ ಅವರು ಮಿಡತೆಯ ಡಬ್ಬಿ ತಂದಿರಲಿಲ್ಲ. ಇಸ್ತ್ರಿ ಮಾಡಿದ ಶರ್ಟು ಹಾಕಿದ್ದರು. ಹುಬ್ಬಿನಲ್ಲಿ ಪುಡಿಯೂ ಇರಲಿಲ್ಲ.

“ಮೇಡಂ, ನನಗೆ ಮದುವೆ ಗೊತ್ತಾಯ್ತು. ನಮ್ಮ ಕ್ಲಿನಿಕ್ಕಲ್ಲಿ ರಿಸೆಪ್ಷನ್‌ನಲ್ಲಿ ಕೂರ್ತಾಳೆ. ನಾವೇ ಬೇರೆ ಮನೆ ಮಾಡ್ತಿದೀವಿ. ಹಲ್ಲಿ ಇದ್ರೂ ಪರವಾಗಿಲ್ಲ ಅಂದ್ಲು.” ಉಸಿರು ತೆಗೆದುಕೊಂಡರು. “ಎಷ್ಟು ತೊಂದ್ರೆ ಕೊಟ್ಟೆ ನಿಮಗೆ. ಇವತ್ತೇ ಕರ್ಕೊಂಡು ಹೋಗ್ತೀನಿ. ಇನ್ಮೇಲೆ ಭಾನುವಾರ ನಿಮ್ಮದೇ.”

“ಒಳ್ಳೇದಾಯ್ತು,” ಎಂದೆ.

ನೀರು ತರುವ ನೆಪದಲ್ಲಿ ಒಳಗೆ ಹೋದೆ. ಚಿಕ್ಕಮ್ಮ ಹಿಂದೆಯೇ ಬಂದು ನನ್ನ ಕೈ ಹಿಡಿದಳು. ಈಗ ಅವಳು ತಮಾಷೆ ಮಾಡುತ್ತಿರಲಿಲ್ಲ.

“ಡಾಕ್ಟರು ಅಂದಿದ್ದನ್ನ ಹೇಳಿಬಿಡು. ಅದು ನಿನ್ನನ್ನ ನಂಬಿದೆ, ಅವನಿಗೆ ಹೆದರುತ್ತೆ ಅಂತ ಗೊತ್ತಾದ್ರೆ ಇಲ್ಲೇ ಬಿಟ್ಟು ಹೋಗ್ತಾನೆ. ಅದು ಇಲ್ಲಿದ್ರೆ ಅವನೂ ಬರ್ತಾನೆ ಕಣೇ. ಮದುವೆ ಆದ್ರೂ ಭಾನುವಾರ ಬಂದೇ ಬರ್ತಾನೆ.”

ಅದು ನನಗೂ ಗೊತ್ತಿತ್ತು. ಅವರು ನನ್ನವರಾಗುವುದಿಲ್ಲ ಎಂಬುದು ಆಗಲೇ ಮುಗಿದ ಮಾತು. ಉಳಿದದ್ದು ಭಾನುವಾರ ಒಂದೇ. ಒಂದು ಮಾತು ಹೇಳಿದ್ದರೆ ಅದು ನನಗೆ ದಕ್ಕುತ್ತಿತ್ತು.

ಹೊರಗೆ ಬಂದಾಗ ಅವರು ಪೆಟ್ಟಿಗೆಯ ಮೇಲೆ ಬಗ್ಗಿದ್ದರು. ಸಾಹೇಬರು ಕೈ ಎತ್ತಿ, ನಿಧಾನವಾಗಿ ಸುತ್ತು ತಿರುಗಿಸಿ, ಇಳಿಸಿದರು.

“ಒಂದು ಮಾತು ಹೇಳ್ಬೇಕಿತ್ತು,” ಎಂದೆ.

“ಹೇಳಿ ಮೇಡಂ.”

ಅವರು ನನ್ನ ಕಡೆ ತಿರುಗಿದರು. ನಗುತ್ತಿದ್ದರು. ಬಾಯಿಗೆ ಕೈ ಅಡ್ಡ ಇಡುವುದನ್ನು ಮರೆತುಬಿಟ್ಟಿದ್ದರು. ಆ ಸೊಟ್ಟ ಹಲ್ಲನ್ನು ನಾನು ಪೂರ್ತಿ ನೋಡಿದ್ದು ಅದೇ ಮೊದಲು. ಅವರನ್ನು ನಾನು ತುಂಬಾ ಪ್ರೀತಿಸುತ್ತಿದ್ದೆ.

“ಕಾಲಿಗೆ ನೂಲು ಸುತ್ತಿಕೊಳ್ಳದ ಹಾಗೆ ನೋಡ್ಕೊಳ್ಳಿ,” ಎಂದೆ.

“ನಮ್ಮನೇಲಿ ನೂಲೆಲ್ಲಿ ಮೇಡಂ.”

ಖಾಲಿ ಮಾಡಿದ ಪೆಟ್ಟಿಗೆಯನ್ನು ರಸ್ತೆಯ ತಿರುವಿನಲ್ಲಿ ನಿಂತ ಕಾರಿಗೆ ಸಾಗಿಸಿ ಬಂದರು. ಅಷ್ಟರಲ್ಲಿ ಸಾಹೇಬರು ನನ್ನ ಭುಜ ಹತ್ತಿ ಕೂತಾಗಿತ್ತು. ಅವರು ಕೈ ಚಾಚಿದಾಗ ಉಗುರು ಇನ್ನೂ ಬಿಗಿಯಾಯಿತು. ಒಂದೊಂದೇ ಬೆರಳನ್ನು ನಾನೇ ಬಿಡಿಸಿದೆ. ಅವರ ಎಡ ಭುಜದ ಮೇಲೆ, ನಾನು ಹೊಲಿದ ದಪ್ಪ ಬಟ್ಟೆಯ ಮೇಲೆ ಕೂರಿಸಿದೆ. ಅಲ್ಲೂ ಬೆಚ್ಚಗಿದ್ದಿರಬೇಕು, ಸ್ವಲ್ಪ ಹೊತ್ತಿಗೆ ಸುಮ್ಮನಾಯಿತು.

ಕೆಲವೇ ವಾರಗಳಲ್ಲಿ ಮತ್ತೆ ಅವರಿಗೆ ಒಗ್ಗಿಕೊಳ್ಳುತ್ತದೆ. ಆಗ ಸಲಾಮು ನಿಲ್ಲುತ್ತದೆ. ಪ್ರೀತಿ ಕಡಿಮೆಯಾಯಿತೇನೋ ಎಂದು ಅವರು ಬೇಜಾರು ಮಾಡಿಕೊಳ್ಳುತ್ತಾರೆ. ಅದನ್ನು ಬಿಡಿಸಿ ಹೇಳಲು ಅಲ್ಲಿ ನಾನಿರುವುದಿಲ್ಲ.

ತಿರುವಿನಲ್ಲಿ ಕಾರಿನ ಬಾಗಿಲು ತೆರೆದುಕೊಂಡಿತು. ಒಳಗೆ ಬಳೆ ತೊಟ್ಟ ಒಂದು ಕೈ ಕಾಣಿಸಿತು. ಅವರು ಹತ್ತುವ ಮುಂಚೆ ಹಿಂದಿರುಗಿ ನೋಡಿದರು. ನಾನು ಬಾಗಿಲಲ್ಲೇ ನಿಂತಿದ್ದೆ. ಒಂದು ಕೈ ಎತ್ತಿ, ಗಾಳಿಯಲ್ಲಿ ನಿಧಾನವಾಗಿ ಒಂದು ಸುತ್ತು ತಿರುಗಿಸಿ, ಇಳಿಸಿದೆ.

“ನೀವೂ ಕಲಿತುಬಿಟ್ರಲ್ಲ ಸಲಾಂ,” ಎಂದು ಅಲ್ಲಿಂದಲೇ ಕೂಗಿ ಹೇಳಿ, ನಗುತ್ತ, ಅವರೂ ಕೈ ಎತ್ತಿದರು.

ಕಾರು ಹೋಯಿತು. ಒಳಗೆ ಬಂದೆ. ಮೂಲೆಯಲ್ಲಿ ಪೆಟ್ಟಿಗೆ ಇದ್ದ ಜಾಗದ ನೆಲ ಇನ್ನೂ ಬೆಚ್ಚಗಿತ್ತು. ಚಿಕ್ಕಮ್ಮ ನನ್ನನ್ನು ನೋಡಿದಳು. ಸೂಜಿಗೆ ದಾರ ಪೋಣಿಸಿಕೊಂಡು ಹತ್ತಿರ ಬಂದಳು.

“ಎಡ ಭುಜ ಪೂರ್ತಿ ನೂಲು ಎದ್ದಿದೆ. ಬಿಚ್ಚಿಕೊಡು, ಹೊಲಿದುಕೊಡ್ತೀನಿ.”

“ಬೇಡ ಚಿಕ್ಕಮ್ಮ,” ಎಂದೆ. “ಹಾಗೇ ಇರಲಿ.”