ಎಂಟು ಕ್ಯಾಮೆರಾಗಳ ಕಾರು

ಐದನೇ ಸಲ ಅವರು ಟೆಸ್ಟ್ ಡ್ರೈವ್‌ಗೆ ಬಂದ ದಿನ ನಾನು ಹೊಸ ಓಲೆ ಹಾಕಿಕೊಂಡು ಹೋಗಿದ್ದೆ. ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಕನಿಕರ ಬರುತ್ತದೆ.

"ನಿನ್ನ ಎರಡು ಮನಸ್ಸು ಬಂತು ನೋಡೇ," ಎಂದಳು ಇನ್ಶೂರೆನ್ಸ್ ಮೇಜಿನ ಗೆಳತಿ, ಕಂಪ್ಯೂಟರಿನಿಂದ ತಲೆ ಎತ್ತದೆ.

ಅವರಿಗೆ ಆ ಅಡ್ಡಹೆಸರು ಇಟ್ಟವಳೂ ಅವಳೇ. ಮೂರು ವಾರದಿಂದ ಅವರು ನಮ್ಮ ಶೋರೂಮಿನ ಎರಡು ಕಾರುಗಳ ನಡುವೆ ಒದ್ದಾಡುತ್ತಿದ್ದರು. ಒಂದು, ಬಾಗಿಲ ಬಳಿ ನಿಲ್ಲಿಸಿದ್ದ ಬಿಳಿ ಎಲೆಕ್ಟ್ರಿಕ್ ಕಾರು. ಗಾಜಿನ ಛಾವಣಿ, ಚರ್ಮದ ಸೀಟು, ಸುತ್ತಲೂ ಎಂಟು ಕ್ಯಾಮೆರಾ. ಓಡಿದರೆ ಇರುವೆಯ ನಿದ್ದೆಯೂ ಕೆಡುವುದಿಲ್ಲ. ಇನ್ನೊಂದು, ಹಿಂದಿನ ಅಂಗಳದಲ್ಲಿದ್ದ ಪೆಟ್ರೋಲ್ ಎಸ್‌ಯುವಿ. ಎತ್ತರದ ಚಕ್ರ, ಗಡಸು ಸ್ಟೀರಿಂಗ್, ಸ್ಟಾರ್ಟ್ ಮಾಡಿದರೆ ಎದೆಗೆ ಕೇಳಿಸುವ ಸದ್ದು.

ಅವರ ಕೆಲಸ ಜಮೀನು ಅಳೆಯುವುದು. ಸರ್ವೇಯರ್. ಅಳತೆ ಯಂತ್ರ, ಮೂರು ಕಾಲಿನ ಸ್ಟ್ಯಾಂಡು ತುಂಬಿಕೊಂಡು ಊರಾಚೆಯ ಕಲ್ಲುಮಣ್ಣಿನ ದಾರಿಯಲ್ಲಿ ತಿರುಗುವವರು. ಅಂಥವರಿಗೆ ಎಸ್‌ಯುವಿ ಸರಿ ಎಂದು ಮೊದಲ ದಿನವೇ ಹೇಳಿದ್ದೆ. ಅವರು ತಲೆಯಾಡಿಸಿ, "ಮತ್ತೆ ಆ ಬಿಳಿ ಕಾರು ಇನ್ನೊಮ್ಮೆ ತೋರಿಸ್ತೀರಾ?" ಎಂದಿದ್ದರು.

ಟೆಸ್ಟ್ ಡ್ರೈವ್ ಫಾರಮ್ಮಿನಲ್ಲಿ ಎರಡನೇ ಫೋನ್ ನಂಬರಿನ ಮುಂದೆ 'ಅಕ್ಕ' ಎಂದು ಬರೆದಿದ್ದರು. ಹೆಂಡತಿ ಇಲ್ಲ. ಇದನ್ನು ನಾನು ಗಮನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ನನಗೆ ಮೂವತ್ತನಾಲ್ಕು. ಗೊತ್ತಾಗಿದ್ದ ಮದುವೆಯೊಂದು ಮುರಿದು ಆರು ವರ್ಷವಾಗಿತ್ತು. ಮನೆಯಲ್ಲಿ ಅಮ್ಮ ಆ ಮಾತು ಎತ್ತುವುದನ್ನೂ ಬಿಟ್ಟಿದ್ದಳು.

ಅವರು ನೋಡುತ್ತಿದ್ದ ರೀತಿಯೇ ನನ್ನನ್ನು ಕೆಡಿಸಿದ್ದು. ಹನ್ನೊಂದು ವರ್ಷ ಶೋರೂಮಿನಲ್ಲಿ ನಿಂತವಳು ನಾನು. ಗಂಡಸರ ಓರೆನೋಟ ಹೇಗಿರುತ್ತದೆಂದು ಬಲ್ಲೆ. ಇವರಲ್ಲಿ ಅದು ಇರಲೇ ಇಲ್ಲ. ನಾನು ಮಾತಾಡಿದರೆ ಇಡೀ ಮುಖ ತಿರುಗಿಸಿ, ಲೋಕದಲ್ಲಿ ಬೇರೇನೂ ಇಲ್ಲವೇನೋ ಎಂಬಂತೆ ನೆಟ್ಟಗೆ ನೋಡುತ್ತಿದ್ದರು. ಅಂಥ ನೋಟಕ್ಕೆ ಸಿಕ್ಕಿಕೊಂಡ ಹೆಂಗಸು ಬ್ಯಾಟರಿ, ಮೈಲೇಜು ಎಲ್ಲ ಮರೆಯುತ್ತಾಳೆ.

"ಹೊರಡೋಣವಾ ಸರ್?" ಎಂದೆ.

"ಇವತ್ತು ನಿರ್ಧಾರ ಮಾಡೇಬಿಡ್ತೀನಿ ಮೇಡಂ."

"ಹೋದ ಸಲವೂ ಹೀಗೇ ಹೇಳಿದ್ರಿ."

"ಹೋದ ಸಲ ನೀವು ಕಾಫಿ ಕೊಟ್ಟು ತಲೆ ಕೆಡಿಸಿದ್ರಿ," ಎಂದು ನಕ್ಕರು. ಅವರು ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಮಡಿಕೆ ಬೀಳುತ್ತಿತ್ತು.

ಮಾರುಕಟ್ಟೆ ದಾಟಿ ಬಿಳಿ ಕಾರು ಗಾಳಿಯಂತೆ ಹೊರಟಿತು. ನಾನು ಎಡಗಡೆ ಕೂತು ಅವರ ಬೆರಳುಗಳನ್ನು ನೋಡುತ್ತಿದ್ದೆ. ವೇಗ ಏರುತ್ತಿರುವುದು ಮೊದಲು ಗೊತ್ತಾಗಲಿಲ್ಲ. "ಸ್ವಲ್ಪ ನಿಧಾನ ಸರ್," ಎನ್ನುವಷ್ಟರಲ್ಲಿ ಎಡಗಡೆಯಿಂದ ಒಬ್ಬ ಹೆಂಗಸು ಮಗುವಿನ ತಳ್ಳುಗಾಡಿಯನ್ನು ನೂಕುತ್ತ ರಸ್ತೆಗಿಳಿದಳು. ಹಾಡುಹಗಲು, ಅಗಲವಾದ ರಸ್ತೆ, ಅವಳದು ಹಳದಿ ಬಟ್ಟೆ. ಅವರ ಕಾಲು ಬ್ರೇಕಿನ ಮೇಲೆ ಹೋಗಲೇ ಇಲ್ಲ.

ಕಾರು ತಾನೇ ನಿಂತಿತು. ಸೀಟ್‌ಬೆಲ್ಟು ನನ್ನ ಹೆಗಲಿಗೆ ಬಡಿಯಿತು. ತಳ್ಳುಗಾಡಿಗೂ ನಮಗೂ ಒಂದು ಮೊಳ ಅಂತರ.

ಹೆಂಗಸು ಬಾನೆಟ್ಟಿಗೆ ಅಂಗೈಯಿಂದ ಹೊಡೆದು, ಬೈದು, ದಾಟಿಹೋದಳು. ನಾನು ಅವರ ಕಡೆ ತಿರುಗಿದೆ. ಅವರ ಮುಖದಲ್ಲಿ ಹೆದರಿಕೆ ಇರಲಿಲ್ಲ. ಕೈಬಿಟ್ಟುಹೋದದ್ದು ಮರಳಿ ಸಿಕ್ಕಿದವರ ಹಾಗೆ ಕಣ್ಣು ಹೊಳೆಯುತ್ತಿತ್ತು.

"ನೋಡಿದ್ರಾ," ಎಂದರು ಮೆಲ್ಲಗೆ. "ಅದಕ್ಕೆ ಕಾಣುತ್ತೆ."

ವಾಪಸ್ ನಾನೇ ಓಡಿಸಿದೆ. ಹಿಂದಿನ ಅಂಗಳದಲ್ಲಿ ಕಾರು ನಿಲ್ಲಿಸಿ, ಇಬ್ಬರೂ ಇಳಿದ ಮೇಲೆ, ಸದ್ದಾಗದಂತೆ ಅವರ ಎಡಗಡೆ ಹೋಗಿ ನಿಂತೆ. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ಅವರು ಎದುರಿಗಿದ್ದ ಎಸ್‌ಯುವಿ ನೋಡುತ್ತ, "ಅದನ್ನೂ ಇನ್ನೊಂದು ರೌಂಡ್ ಓಡಿಸೋಣವಾ ಮೇಡಂ?" ಎಂದರು. ನಾನು ಉಸಿರು ಬಿಗಿಹಿಡಿದೆ. "ಮೇಡಂ? ಒಳಗೆ ಹೋದ್ರಾ?"

ಆ ನೆಟ್ಟ ನೋಟ, ಆ ಪೂರ್ತಿ ತಿರುಗುವ ಮುಖ, ಎಲ್ಲ ಒಂದೇ ಏಟಿಗೆ ಅರ್ಥವಾಯಿತು. ನಾನು ಪ್ರೀತಿ ಎಂದುಕೊಂಡದ್ದು ಒಂದು ಕಾಯಿಲೆಯಾಗಿತ್ತು.

"ಇಲ್ಲೇ ಇದ್ದೀನಿ," ಎಂದೆ.

ಅವರು ಬೆಚ್ಚಿ ತಿರುಗಿದರು. ನನ್ನ ಮುಖ ನೋಡಿದರು.

ಎಸ್‌ಯುವಿ ಒಳಗೆ ಕೂತು ಎಲ್ಲ ಹೇಳಿದರು. ನೋಟ ಅಂಚಿನಿಂದ ಸವೆದುಕೊಂಡು ಬರುತ್ತಿದೆ. ಈಗ ಕೊಳವೆಯೊಳಗಿಂದ ನೋಡಿದ ಹಾಗೆ, ನೆಟ್ಟಗೆ ಇರುವುದಷ್ಟೇ ಕಾಣುತ್ತದೆ. ಮದ್ದಿಲ್ಲ. ಗಾಡಿ ಓಡಿಸಬೇಡಿ ಎಂದು ಡಾಕ್ಟರು ಹೇಳಿ ಐದು ತಿಂಗಳಾಗಿತ್ತು. ಆಫೀಸಿಗೆ ಹೇಳಿಲ್ಲ. ಅಪ್ಪ-ಅಮ್ಮ ಹೋದ ಮೇಲೆ ತಮ್ಮನ್ನು ಸಾಕಿದ ಅಕ್ಕನಿಗೂ ಹೇಳಿಲ್ಲ.

"ಅದಕ್ಕೇ ಎರಡು ಕಾರಾ?" ಎಂದೆ.

"ಇದರಲ್ಲಿ ಇಂಜಿನ್ ಸದ್ದು ಕೇಳಿದ್ರೆ ಸ್ಪೀಡ್ ಗೊತ್ತಾಗುತ್ತೆ. ಮೀಟರ್ ನೋಡಿದ್ರೆ ರಸ್ತೆ ಕಣ್ಣಿಂದ ತಪ್ಪಿಹೋಗುತ್ತೆ ನನಗೆ. ಅದರಲ್ಲಿ ಸದ್ದೇ ಇಲ್ಲ. ಆದರೆ ಎಂಟು ಕಣ್ಣಿದೆ." ಸ್ಟೀರಿಂಗ್ ಸವರುತ್ತ ಕೂತರು. "ಒಂದು ವರ್ಷ ಮೇಡಂ. ಜಾಸ್ತಿ ಬೇಡ. ಒಂದು ವರ್ಷ ಹೇಗೋ ಓಡಿಸಿಕೊಂಡು ಹೋಗ್ತೀನಿ. ಕೆಲಸ ಹೋದ್ರೆ ನಾನು ಯಾರು ಹೇಳಿ?"

"ಕಾರು ನಿಲ್ಲದೇ ಹೋಗಿದ್ರೆ?"

"ನಿಲ್ತಲ್ಲ."

"ಮಂಜು ಕವಿದಿದ್ರೆ? ಕ್ಯಾಮೆರಾಗೆ ಕೆಸರು ಮೆತ್ತಿದ್ರೆ? ಅದನ್ನು ಮಾರೋಳು ನಾನು, ನನಗೆ ಗೊತ್ತು. ಅದು ನಿಮಗೆ ಸಹಾಯ ಮಾಡೋಕೆ ಇರೋದು. ನಿಮ್ಮ ಬದಲಿಗೆ ನೋಡೋಕಲ್ಲ."

ಅವರು ಸ್ಟೀರಿಂಗಿನಿಂದ ಕೈ ತೆಗೆದರು. ಕೇಳಬಾರದೆಂದು ನೂರು ಸಲ ಅಂದುಕೊಂಡ ಪ್ರಶ್ನೆ ಅದೇ ಹೊತ್ತಿಗೆ ನಾಲಿಗೆಯಿಂದ ಜಾರಿತು. "ನೀವು ನನ್ನನ್ನ ನೋಡೋಕೆ ಬರ್ತಿರಲಿಲ್ಲ, ಅಲ್ವಾ?"

"ಮೊದಲೆರಡು ಸಲ ಇಲ್ಲ," ಎಂದರು.

ಮೂರನೆಯದು, ನಾಲ್ಕನೆಯದು, ಇವತ್ತಿನದು. ಲೆಕ್ಕ ಮಾಡಿದೆ. ಬದುಕಿನಲ್ಲಿ ಅಷ್ಟು ಸಂತೋಷ, ಅಷ್ಟು ಸಂಕಟ ಒಟ್ಟೊಟ್ಟಿಗೆ ನನಗೆ ಯಾವತ್ತೂ ಆಗಿರಲಿಲ್ಲ.

"ಎರಡೂ ಕಾರು ನಾನು ನಿಮಗೆ ಮಾರಲ್ಲ," ಎಂದೆ.

ಅವರ ಮುಖ ಕಲ್ಲಾಯಿತು. ಇಳಿದರು. ಅಂಗಳದ ಗೋಡೆ ಹಿಡಿದು ನಡೆದು, ತಮ್ಮ ಹಳೇ ಕಾರು ಹತ್ತಿ ಹೋದರು. ನಾನು ಗೇಟಿನ ತನಕ ಓಡಿದೆ. ಕಾರು ತಿರುವಿನಲ್ಲಿ ಮರೆಯಾದ ಮೇಲೂ, ಎಲ್ಲಾದರೂ ಬಡಿದ ಸದ್ದು ಕೇಳುತ್ತದೇನೋ ಎಂದು ಕಿವಿಗೊಟ್ಟು ನಿಂತೇ ಇದ್ದೆ.

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ. ಹನ್ನೊಂದು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಅವರ ಅಕ್ಕನ ನಂಬರು ಒತ್ತಿ ಎರಡು ಸಲ ಕತ್ತರಿಸಿದೆ. ಹೇಳಿದರೆ ಅವರ ಬದುಕನ್ನು ನಾನೇ ಮುರಿದ ಹಾಗೆ. ಹೇಳದಿದ್ದರೆ ಯಾರದೋ ಮಗು ಚಕ್ರದಡಿ ಬಂದ ದಿನ ನಾನೂ ಕೊಲೆಗಾರ್ತಿ. ಬೆಳಿಗ್ಗೆ ಪೇಪರಿನಲ್ಲಿ ಅಪಘಾತದ ಸುದ್ದಿ ಓದುವಾಗ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಮ್ಮ ತಟ್ಟೆ ನೋಡಿ, ನನ್ನ ಮುಖ ನೋಡಿ, "ಯಾರೇ ಅದು?" ಎಂದು ಕೇಳಿದಳು. ಆರು ವರ್ಷದಲ್ಲಿ ಮೊದಲ ಸಲ.

ಎಂಟನೇ ದಿನ ಮ್ಯಾನೇಜರು ನನ್ನ ಮೇಜಿಗೆ ಒಂದು ಫೈಲು ಹಾಕಿದರು. "ನಿಮ್ಮ ಸರ್ವೇಯರ್ ನಿನ್ನೆ ನೀವು ರಜೆಯಿದ್ದಾಗ ಬಂದು ಎಲೆಕ್ಟ್ರಿಕ್ ಬುಕ್ ಮಾಡಿದ್ರು. ಪೂರ್ತಿ ದುಡ್ಡು ಕಟ್ಟಿದಾರೆ. ಶುಕ್ರವಾರ ಹನ್ನೊಂದಕ್ಕೆ ಡೆಲಿವರಿ. ಕೀ ನೀವೇ ಕೊಡಿ."

ನಾನು ವಿಷಯ ಹೇಳಿದೆ. ಅವರು ಕೇಳಿಸಿಕೊಂಡು, "ಲೈಸೆನ್ಸ್ ಇದೆಯಲ್ಲಮ್ಮ. ನಾವು ಕಣ್ಣಿನ ಡಾಕ್ಟ್ರಾ?" ಎಂದು ಎದ್ದು ಹೋದರು.

ಶುಕ್ರವಾರ ಅವರು ಅಕ್ಕನ ಜೊತೆ ಬಂದರು. ಅಕ್ಕ ದುಂಡಗಿನ ಮುಖದ, ಜೋರು ದನಿಯ ಹೆಂಗಸು. ಬಿಳಿ ಕಾರಿನ ಸುತ್ತ ಎರಡು ಸಲ ಸುತ್ತಿ, "ಪೆಟ್ರೋಲ್ ಗಾಡಿ ತಗೋತಾನೆ ಅಂದ್ಕೊಂಡಿದ್ದೆ. ಅದೇ ಇವನ ಕೆಲಸಕ್ಕೆ ಸರಿ ಅಲ್ವೇನಮ್ಮ? ಇವನು ಕೇಳಬೇಕಲ್ಲ," ಎಂದು ನನ್ನ ತೋಳು ಹಿಡಿದು ಹೇಳಿದರು. ಇವರು ಪಕ್ಕದಲ್ಲಿ ನಿಂತು ನಗುತ್ತಿದ್ದರು. ವಾರದಲ್ಲಿ ಇಳಿದುಹೋಗಿದ್ದರು. ಹಣೆಯ ಎಡಬದಿಯಲ್ಲಿ ಹೊಸ ಗಾಯ.

"ಬಾಗಿಲಿಗೆ ತಾಗ್ತಂತೆ," ಎಂದರು ಅಕ್ಕ.

"ಸರ್‌ಗೆ ಒಂದೆರಡು ಫೀಚರ್ ತೋರಿಸಬೇಕು. ಹತ್ತು ನಿಮಿಷ," ಎಂದೆ.

ಕಾರಿನ ಬಾಗಿಲು ಮುಚ್ಚಿದ ಮೇಲೆ ಹೊರಗಿನ ಸದ್ದೆಲ್ಲ ನಿಂತಿತು. ಕೀ ನನ್ನ ಮುಷ್ಟಿಯಲ್ಲಿತ್ತು.

"ಬೈಯೋದಿದ್ರೆ ಬೇಗ ಬೈದುಬಿಡಿ," ಎಂದರು.

"ಬೈಯಲ್ಲ. ನಾನು ನಿಮ್ಮ ಅಕ್ಕನಿಗೆ ಹೇಳಲ್ಲ. ಅವರ ಮುಂದೆ ನಿಮ್ಮ ಮಾನ ತೆಗೆಯಲ್ಲ. ಆದರೆ ಈ ಕೀ ಕೊಡಲ್ಲ. ಮ್ಯಾನೇಜರ್ ಬಂದು ನನ್ನನ್ನ ಎಳೆದು ಹಾಕೋ ತನಕ ಇಲ್ಲೇ ಕೂತಿರ್ತೀನಿ. ನಿಮಗೇನಾದ್ರೂ ಆದ್ರೆ," ಎಂದೆ. ದನಿ ಒಡೆಯಿತು. "ನಿಮಗೇನಾದ್ರೂ ಆದ್ರೆ ನಾನು ಬದುಕೋದು ಹೇಗೆ? ಅದನ್ನು ಹೇಳಿ ಕೀ ತಗೊಳ್ಳಿ."

ಅವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಹೆಗಲು ಮಾತ್ರ ಅಲುಗುತ್ತಿತ್ತು.

"ಆ ಹಳದಿ ಬಟ್ಟೆ," ಎಂದರು ಕೈಯೊಳಗಿಂದಲೇ. "ಅವಳು ಬಾನೆಟ್ ಹೊಡೆದಾಗಲೇ ನನಗೆ ಅವಳು ಕಂಡಿದ್ದು. ಅವತ್ತಿಂದ ದಿನಾ ಬೆಳಿಗ್ಗೆ ಅವಳನ್ನ ನೋಡಿಕೊಂಡೇ ಏಳ್ತೀನಿ."

ನಾನು ಅವರ ಬೆನ್ನಿನ ಮೇಲೆ ಕೈ ಇಟ್ಟೆ. ಮೊದಲ ಸಲ ಮುಟ್ಟಿದ್ದು.

ಅವರೇ ಇಳಿದು ಹೋಗಿ ಅಕ್ಕನಿಗೆ ಹೇಳಿದರು. ಗಾಜಿನ ಈಚೆಯಿಂದ ನೋಡುತ್ತಿದ್ದೆ. ಜೋರು ದನಿಯ ಆ ಹೆಂಗಸು ಒಂದು ಮಾತೂ ಆಡದೆ ಶೋರೂಮಿನ ಸೋಫಾದಲ್ಲಿ ಕುಸಿದರು. ನಾನು ನೀರು ತಂದು ಕೊಟ್ಟಾಗ ತಮ್ಮನ ಅಂಗಿಯ ತುದಿ ಹಿಡಿದುಕೊಂಡು ಕೇಳುತ್ತಿದ್ದರು: "ನಾನು ಎಲ್ಲಿ ನಿಂತರೆ ನಿನಗೆ ಪೂರ್ತಿ ಕಾಣ್ತೀನೋ? ಅಲ್ಲಿ ನಿಂತ್ಕೋತೀನಿ ಕಣೋ."

ಬುಕಿಂಗ್ ರದ್ದಾಯಿತು. ಮ್ಯಾನೇಜರು ಆ ವಾರವೇ ನನ್ನನ್ನು ಮಾರಾಟದಿಂದ ತೆಗೆದು ಸರ್ವೀಸ್ ಕೌಂಟರಿಗೆ ಹಾಕಿದರು. ಗ್ರೀಸಿನ ವಾಸನೆ, ಗಿರಾಕಿಗಳ ಜಗಳ. ಅದಕ್ಕೆಲ್ಲ ಬೇಜಾರಿರಲಿಲ್ಲ. ಅವರು ಫೋನ್ ಮಾಡುತ್ತಿರಲಿಲ್ಲ, ನಾನು ಮಾಡಿದರೆ ಎರಡೇ ಮಾತಾಡಿ ಇಡುತ್ತಿದ್ದರು. ಅದಕ್ಕೆ ಪ್ರಾಣ ಹೋಗುತ್ತಿತ್ತು.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಕೌಂಟರಿನ ಮುಂದೆ ಬಂದು ನಿಂತರು.

"ಯಾವ ಗಾಡಿ ಸರ್?" ಎಂದೆ.

"ಗಾಡಿ ಇಲ್ಲ. ಎರಡು ಬಸ್ ಬದಲಾಯಿಸಿಕೊಂಡು ಬಂದೆ."

ಊಟದ ಬಿಡುವಿನಲ್ಲಿ ಹೊರಗೆ ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತೆವು. ಆಫೀಸಿನಲ್ಲಿ ಅವರಿಗೆ ನಕ್ಷೆ ತಿದ್ದುವ ಕೆಲಸ ಕೊಟ್ಟಿದ್ದರು. ಅದೂ ಕಣ್ಣಿರುವ ತನಕ. ಅಷ್ಟು ಹೇಳಿ ಅವರು ನೆಲ ನೋಡಿದರು. "ನನಗೋಸ್ಕರ ಕಾಯಬೇಡಿ ಅಂತ ಹೇಳೋಕೆ ಬಂದೆ. ಫೋನಲ್ಲಿ ಹೇಳೋದು ತಪ್ಪು ಅನ್ನಿಸ್ತು."

"ಹೇಳಿ ಆಯ್ತಾ?"

"ಆಯ್ತು."

"ಹಾಗಾದ್ರೆ ನನ್ನದೂ ಕೇಳಿ. ನನಗೆ ನೀವು ಬೇಕು. ಕನಿಕರ ಅಂದ್ಕೊಂಡ್ರೆ ಈಗಲೇ ಎದ್ದು ಹೋಗಿ, ನಾನು ಹಿಂದೆ ಬರಲ್ಲ. ಕನಿಕರ ಪಟ್ಟವಳು ಕಾರು ಮಾರಿಬಿಡ್ತಿದ್ದಳು."

ಅವರು ನನ್ನ ಕಡೆ ತಿರುಗಿದರು. "ಎರಡು ವರ್ಷಕ್ಕೆ ನಿಮ್ಮ ಮುಖವೂ ಕಾಣದೇ ಹೋಗಬಹುದು. ನನಗೆ ತುಂಬ ಭಯ ಆಗುತ್ತೆ ರೀ."

"ನನಗೂ ಆಗುತ್ತೆ," ಎಂದೆ. ಧೈರ್ಯದ ಮಾತು ನನ್ನಲ್ಲೂ ಇರಲಿಲ್ಲ. ಅವರ ಕೈ ಹಿಡಿದುಕೊಂಡೆ, ಅಷ್ಟೇ. ಇಬ್ಬರ ಕೈಯೂ ತಣ್ಣಗಿತ್ತು.

ಬಸ್ಸು ಬಂತು. ಬಾಗಿಲು ತೆರೆದು ಸ್ವಲ್ಪ ಹೊತ್ತು ಕಾದು ಹೋಯಿತು. ಅವರು ಏಳಲಿಲ್ಲ. ಮುಖ ನನ್ನ ಹತ್ತಿರ ತಂದು ನಿಧಾನವಾಗಿ ನೋಡತೊಡಗಿದರು: ಹಣೆ, ಒಂದು ಹುಬ್ಬು, ಇನ್ನೊಂದು ಹುಬ್ಬು, ಮೂಗಿನ ಬದಿ, ಗಲ್ಲ. ಒಂದೊಂದು ಕಡೆಯೂ ನಿಂತು ನಿಂತು.

"ಏನು ಮಾಡ್ತಿದೀರಿ?" ಎಂದೆ. ನನ್ನ ಉಸಿರು ನನಗೇ ಕೇಳುತ್ತಿತ್ತು.

"ಅಳತೆ."

"ಎಷ್ಟು ಹೊತ್ತು ಬೇಕು?"

"ಸರಿಯಾಗಿ ಮಾಡಬೇಕು ಅಂದ್ರೆ," ಎಂದರು, ಕಣ್ಣಲ್ಲಿ ನೀರು, ಎಡಗೆನ್ನೆಯಲ್ಲಿ ಮಡಿಕೆ, "ದಿನಾ ಬರಬೇಕಾಗುತ್ತೆ."

"ಬನ್ನಿ," ಎಂದೆ.